ಎಳ್ಳುನೀರು ಬಿಡಿಸಿಕೊಂಡವನನ್ನು ಟೀಮಿಗೆ ಸೇರಿಸಿಕೊಳ್ಳಬಹುದೇ?

ವಿಡಿಯೋದಲ್ಲಿ ನಗುತ್ತಿರುವ ಹೆಂಗಸು ನಾನಲ್ಲ ಎಂದೇ ಮೊದಲು ಹೇಳಿದೆ.

ಎರಡನೇ ಸಲ ನೋಡಿದಾಗ ಶಾಲು ನನ್ನದು ಎಂದು ಒಪ್ಪಿದೆ. ಮೂರನೇ ಸಲ, ಧ್ವನಿ. ನಾಲ್ಕನೇ ಸಲ ನೋಡುವ ಧೈರ್ಯ ಬರಲಿಲ್ಲ, ಫೋನನ್ನು ಚಾಪೆಯ ಮೇಲೆ ಮಗುಚಿ ಹಾಕಿದೆ. (ಫೋನು ನನ್ನದಲ್ಲ. ಮಗುಚುವ ಹಕ್ಕೂ ನನಗಿರಲಿಲ್ಲ.)

ಹೋದ ಭಾನುವಾರದ ಮಾತು ಇದು. ಕಾಶಿಯ ಶಿವಾಲದಲ್ಲಿ ವಾಸುದೇವ ಭಟ್ಟರ ಮನೆಯ ಮಹಡಿಯ ಮೇಲೆ ನಮ್ಮ ಟೀಮಿನ ಮೀಟಿಂಗು. ಬೆಳಗಿನ ಒಂಬತ್ತು ಗಂಟೆ, ಮೈ ಕೊರೆಯುವ ಚಳಿ, ಬಿಸಿಲು ಇನ್ನೂ ಎದುರು ಮನೆಯ ಗೋಡೆಯಿಂದ ಇಳಿದಿರಲಿಲ್ಲ. ವಿಷಯ ಒಂದೇ: ಪ್ರಾಣೇಶನನ್ನು ವಾಪಸ್ ತೆಗೆದುಕೊಳ್ಳಬೇಕೋ, ಬೇಡವೋ?

ಈ ಅಂಕಣ ಓದುವವರಿಗೆ ನಮ್ಮ ಬ್ಯಾಸ್ಕೆಟ್‌ಬಾಲ್ ಟೀಮು ಹೊಸದಲ್ಲ. ಆದರೂ ಒಮ್ಮೆ ಹೇಳಿಬಿಡುತ್ತೇನೆ. ಬ್ಯಾಂಕು ನನ್ನನ್ನು ಕಾಶಿಗೆ ವರ್ಗ ಮಾಡಿ, ನಾನು ಭೇಲೂಪುರದಲ್ಲಿ ಬಾಡಿಗೆ ಮನೆ ಹಿಡಿದು ಕೂತಾಗ ಕನ್ನಡ ಕೇಳಬೇಕೆಂದರೆ ಶಿವಾಲಕ್ಕೆ ನಡೆಯಬೇಕಿತ್ತು. ಅಲ್ಲಿ ಇರುವ ಕನ್ನಡದ ಮನೆಗಳು ಕೆಲವೇ. ಹೆಚ್ಚಿನವು ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವ ಪುರೋಹಿತರವು. ಅವರ ಹುಡುಗರು ಬೆಳಿಗ್ಗೆ ಘಾಟಿನಲ್ಲಿ ದರ್ಭೆ ಹಿಡಿದು ಮಂತ್ರ ಹೇಳಿಸುತ್ತಾರೆ, ಸಂಜೆ ಶಾಲೆಯೊಂದರ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ಜುಟ್ಟು ಹಾರದಂತೆ ಹೇರ್‌ಬ್ಯಾಂಡ್ ಹಾಕಿಕೊಂಡು. ನಾನು ಕಾಲೇಜಿನಲ್ಲಿ ಆಡುತ್ತಿದ್ದೆ ಎಂದು ಗೊತ್ತಾದದ್ದೇ ತಡ, ಸ್ಕೋರ್ ಶೀಟ್ ನನ್ನ ಕೈಗೆ ಬಂತು. ಅಂದಿನಿಂದ ಯಾರು ಎಷ್ಟು ಹೊಡೆದರು, ಯಾರದು ಎಷ್ಟನೇ ಫೌಲು, ಎಲ್ಲ ನನ್ನ ಬರಹದಲ್ಲಿದೆ. "ಅಕ್ಕ ಬರೆದದ್ದು ಪಕ್ಕಾ" ಎನ್ನುತ್ತಾರೆ ಹುಡುಗರು. ಈ ಮಾತು ಕೇಳಿ ಎಷ್ಟು ಸಲ ಉಬ್ಬಿದ್ದೇನೆ!

ಪ್ರಾಣೇಶನಂಥ ಆಟಗಾರ ಈ ಗಲ್ಲಿಗಳಲ್ಲಿ ಮತ್ತೊಬ್ಬ ಹುಟ್ಟಿಲ್ಲ. ಎಡಗೈಯವನು. ಚೆಂಡು ಅವನ ಕೈ ಬಿಟ್ಟ ಮೇಲೆ ನಾನು ರಿಂಗಿನ ಕಡೆ ನೋಡುತ್ತಿರಲಿಲ್ಲ, ಸೀದಾ ಶೀಟಿನಲ್ಲಿ ಬರೆಯುತ್ತಿದ್ದೆ. ಆದರೆ ಸಿಟ್ಟು? ಮೂರು ಚಳಿಗಾಲದ ಹಿಂದೆ ಸೆಮಿಫೈನಲ್‌ನಲ್ಲಿ, ಕೊನೆಯ ನಿಮಿಷದಲ್ಲಿ, ತನಗೆ ಪಾಸ್ ಕೊಡಲಿಲ್ಲ ಎಂದು ನಮ್ಮದೇ ಕ್ಯಾಪ್ಟನ್ ಸುಧೀಂದ್ರನ ಮುಖಕ್ಕೆ ಚೆಂಡು ಎಸೆದ. ಮೂಗಿನ ಮೂಳೆ ಮುರಿಯಿತು. ಪ್ರಾಣೇಶ ಜೆರ್ಸಿ ಬಿಚ್ಚಿ ಬಿಸಾಕಿ ಹೊರಟುಹೋದ. ತಿಂಗಳೊಳಗೆ ಕ್ಯಾಂಟ್ ಸ್ಟೇಷನ್ ಕಡೆಯ ಟೀಮಿನಲ್ಲಿ ಆಡುತ್ತಿದ್ದ. ಮುಂದಿನ ವರ್ಷ ನಮ್ಮ ಎದುರು ಆಡುವಾಗ ನನ್ನ ಸ್ಕೋರಿಂಗ್ ಟೇಬಲ್ಲನ್ನೇ ಒದ್ದ. ಶೀಟು, ಪೆನ್ನು, ನೀರಿನ ಬಾಟ್ಲಿ ಎಲ್ಲ ನೆಲಕ್ಕೆ. ಒಂದು ಸೀಸನ್ ಸಸ್ಪೆಂಡ್ ಆದ.

ಈಗ ಆ ಕ್ಯಾಂಟ್ ಟೀಮು ಮುಚ್ಚಿದೆ. ರೈಲ್ವೆಯ ಸ್ಪೋರ್ಟ್ಸ್ ಕೋಟಾ ಟ್ರಯಲ್ಸ್‌ಗೆ ಈ ಸೀಸನ್ ಯಾವುದಾದರೂ ಟೀಮಿನಲ್ಲಿ ಆಡಿರಲೇಬೇಕು. ಮುಂದಿನ ವರ್ಷ ಅವನ ವಯಸ್ಸು ದಾಟುತ್ತದೆ. ಬೇರೆ ಯಾವ ಟೀಮೂ ಅವನನ್ನು ಮುಟ್ಟುವುದಿಲ್ಲ. ಉಳಿದದ್ದು ನಾವು.

ನಾವು ಎಂದರೆ ನಾಲ್ವರು. ಅಧ್ಯಕ್ಷರು ಭಟ್ಟರು, ಕೋಚ್ ಮಿಶ್ರಾಜಿ, ಕ್ಯಾಪ್ಟನ್ ಸುಧೀಂದ್ರ ಮತ್ತು ನಾನು.

ಮಿಶ್ರಾಜಿ ಸುತ್ತಿಬಳಸುವವರಲ್ಲ. "ಮ್ಯಾಡಮ್ ಜೀ, ಲೆಫ್ಟ್ ಹ್ಯಾಂಡ್ ಹೈ. ಔರ್ ಕಾ ಚಾಹೀ?" ಎಂದರು. ಎಡಗೈ ಇದೆ, ಇನ್ನೇನು ಬೇಕು ಎಂದು.

ಸುಧೀಂದ್ರನೂ ಅವನ ಪರ! ನನಗೆ ತಡೆಯಲಾಗಲಿಲ್ಲ. "ನಿನ್ನ ಮೂಗು ಮುರಿದವನು ಕಣೋ ಅವನು!"

"ಮೂಗು ನಂದು ಅಕ್ಕ. ನಾನೇ ಮಾಫ್ ಮಾಡೀನಿ. ನಿಮಗ್ಯಾಕ ತ್ರಾಸು?"

ಭಟ್ಟರು ವಿರುದ್ಧ. ಅವರ ಕಾರಣ ಬೇರೆ. ಅದನ್ನು ಹೇಳಲು ಮೂರು ವರ್ಷ ಹಿಂದಕ್ಕೆ ಹೋಗಬೇಕು. ಆ ಸೆಮಿಫೈನಲ್ ಸೋತ ಮರುದಿನ ಬೆಳಿಗ್ಗೆ ಟೀಮಿನ ನಾಲ್ಕು ಹುಡುಗರು ಕೇದಾರ ಘಾಟಿನ ಮೆಟ್ಟಿಲಿಗೆ ಇಳಿದು, ಪ್ರಾಣೇಶನ ಹೆಸರು ಹೇಳಿ ತರ್ಪಣ ಕೊಟ್ಟರು. ಹೌದು, ಬದುಕಿರುವವನಿಗೆ. ಬೇರೆ ಊರಿನ ಹುಡುಗರಾಗಿದ್ದರೆ ವಾಟ್ಸಾಪ್ ಗ್ರೂಪಿನಿಂದ ತೆಗೆದುಹಾಕಿ ಸುಮ್ಮನಾಗುತ್ತಿದ್ದರು. ಇವರಿಗೆ ಎಳ್ಳು, ನೀರು, ಮಂತ್ರ ದಿನದ ಕೆಲಸ. ಸಿಟ್ಟು ಬಂದಾಗ ಕೈಗೆ ಸಿಕ್ಕಿದ್ದು ಅದೇ.

ನಿಮಗೆ ನೆನಪಿರಬಹುದು, ಆಗ ಇದೇ ಜಾಗದಲ್ಲಿ ಅದರ ಬಗ್ಗೆ ಬರೆದಿದ್ದೆ. ಜ್ವರ ಬಂದು ಭೇಲೂಪುರದ ಮನೆಯಲ್ಲಿ ಕಂದು ಶಾಲು ಹೊದ್ದು ಮಲಗಿದ್ದೆ. ಸಂಜೆ ಸುಧೀಂದ್ರ ಬಂದು ನಗುತ್ತ ವಿಷಯ ಹೇಳಿದ. "ಎಂಥ ಕೆಲಸ ಮಾಡಿದ್ರೋ!" ಎಂದು ಬೈದೆ. ಅವನು ತಲೆ ತಗ್ಗಿಸಿದ. ನಾನು ಅಲ್ಲಿದ್ದಿದ್ದರೆ ಅವರ ಕೈ ಹಿಡಿದು ತಡೆಯುತ್ತಿದ್ದೆ. ಹೀಗೆ ಬರೆದಿದ್ದೆ. ನಿಮ್ಮಲ್ಲಿ ಹಲವರು ಮೆಚ್ಚಿ ಪತ್ರ ಬರೆದಿರಿ.

ಈ ಮೇಲಿನ ಪ್ಯಾರಾ ಸುಳ್ಳು. ಆದರೂ ಅಳಿಸುತ್ತಿಲ್ಲ. ಸ್ಕೋರ್ ಶೀಟಿನಲ್ಲಿ ತಪ್ಪಾದರೆ ಅಳಿಸುವಂತಿಲ್ಲ. ಕಾಣುವ ಹಾಗೆ ಗೆರೆ ಎಳೆಯಬೇಕು. ಗೆರೆ ಎಳೆದಿದ್ದೇನೆ ಎಂದುಕೊಂಡು ಮುಂದೆ ಓದಿ.

"ನೋಡವಾ," ಎಂದರು ಭಟ್ಟರು ಮೀಟಿಂಗಿನಲ್ಲಿ, "ಹುಡುಗಾಟಕ್ಕ ಮಾಡಿದ್ರೂ ಮಂತ್ರ ಮಂತ್ರನ. ಹೆಸರು ಹೇಳಿ ಎಳ್ಳುನೀರು ಬಿಟ್ಟಾರ. ಅಂಥವನ್ನ ಹಂಗ ಕರಕೊಂಡು ಬಂದು ಆಡಸ್ಲಿಕ್ಕೆ ಬರೂದಿಲ್ಲ. ಸತ್ತ ಅಂತ ಕರ್ಮ ಮಾಡಿದಾಂವ ತಿರುಗಿ ಬಂದ್ರ ಮೊದಲಿಂದ ಹುಟ್ಟಬೇಕು. ಜಾತಕರ್ಮ, ನಾಮಕರಣ, ಮುಂಜಿ, ಎಲ್ಲಾ ಮತ್ತ ಆಗಬೇಕು."

ಸುಧೀಂದ್ರ ಇದನ್ನು ಹಿಂದಿಯಲ್ಲಿ ಹೇಳಿದಾಗ ಮಿಶ್ರಾಜಿಯ ಕಣ್ಣು ಅರಳಿತು. "ಹೊಸದಾಗಿ ಹುಟ್ಟಿದರೆ ಅಂಡರ್ ಸಿಕ್ಸ್‌ಟೀನ್‌ನಲ್ಲಿ ಆಡಿಸಬಹುದಾ, ಪಂಡಿತ್‌ಜೀ?"

ಎಲ್ಲರೂ ನಕ್ಕೆವು. ಭಟ್ಟರೂ.

ಆಮೇಲೆ ನನ್ನ ಸರದಿ. ನಾನು ಸುಮ್ಮನೆ ಹೋಗಿರಲಿಲ್ಲ, ಫೈಲು ಕೊಂಡೊಯ್ದಿದ್ದೆ. ಪ್ರಾಣೇಶ ನಮ್ಮಲ್ಲಿ ಆಡಿದ ಅಷ್ಟೂ ಪಂದ್ಯಗಳ ಶೀಟುಗಳು. ಯಾವ ಪಂದ್ಯದಲ್ಲಿ ಯಾರನ್ನು ತಳ್ಳಿದ, ಯಾವ ರೆಫರಿಗೆ ಏನಂದ, ಒಂದೊಂದನ್ನೂ ಓದಿದೆ. ಪ್ರತಿಭೆ ಇದ್ದವರಿಗೆ ಒಂದು ನಿಯಮ, ಇಲ್ಲದವರಿಗೆ ಇನ್ನೊಂದೇ? ಚೆಂದ ಆಡುತ್ತಾನೆ ಎಂದು ಎಲ್ಲವನ್ನೂ ಮರೆಯಬೇಕೇ? ಚೆನ್ನಾಗಿಯೇ ಮಾತಾಡಿದೆ. (ಎಂದು ಅನಿಸಿತ್ತು. ಈಗ ನನ್ನ ಯಾವ ಅನಿಸಿಕೆಯನ್ನೂ ನಂಬಬೇಡಿ.) ಎರಡು ಪರ, ಎರಡು ವಿರೋಧ. ಸಮವಾದರೆ ಅಧ್ಯಕ್ಷರ ಮಾತೇ ಕೊನೆ. ಅಂದರೆ ಮುಗಿಯಿತು.

ಪ್ರಾಣೇಶ ಅಷ್ಟು ಹೊತ್ತೂ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದ. ಕರೆದಾಗ ಬಂದು ಗೋಡೆಗೆ ಒರಗಿ ನಿಂತ. ತೆಳ್ಳಗಾಗಿದ್ದಾನೆ. ನನ್ನ ಕಡೆ ನೋಡಿ ಹೇಳಿದ ಮೊದಲ ಮಾತು, "ನಮಸ್ತೆ ಮೇಡಂ."

ಮೇಡಂ? ಮೊದಲು ಅವನಿಗೆ ನಾನು ಅಕ್ಕ. ಉಳಿದ ಹುಡುಗರು ಅನ್ನುವಂಥ ಬರೀ ಬಾಯಿಮಾತಿನ ಅಕ್ಕ ಅಲ್ಲ. ಒಮ್ಮೆ ಅವರ ಮನೆಯ ಊಟಕ್ಕೆ ಹೋದಾಗ ಅವನ ತಾಯಿ ನನ್ನ ತವರಿನ ಗೋತ್ರ ಕೇಳಿದರು. ಅವರದೂ ಅದೇ ಎಂದು ಗೊತ್ತಾಯಿತು. "ಹಂಗಾದ್ರ ನೀವು ನನಗ ಖರೇನ ಅಕ್ಕ," ಎಂದಿದ್ದ. ಆ ವರ್ಷ ರಾಖಿ ಕಟ್ಟಿಸಿಕೊಂಡಿದ್ದ, ಎಡಗೈಗೆ. ಬಲಗೈ ಕೊಡೋ ಎಂದರೆ, "ಬ್ಯಾಸ್ಕೆಟ್ ಹೊಡಿಯೂದು ಇದು, ಆಶೀರ್ವಾದ ಇದಕ್ಕ ಬೇಕು" ಎಂದಿದ್ದ.

"ನೀನೇನಾದರೂ ಹೇಳುವುದು ಇದೆಯಾ?" ಎಂದು ಕೇಳಿದೆ, ನ್ಯಾಯಾಧೀಶರ ಹಾಗೆ.

"ನಿಮ್ಮ ಫೈಲಿನ್ಯಾಗ ಎಲ್ಲಾ ಸರಿ ಅದ ಮೇಡಂ. ಏಕ್ ಚೀಜ್ ಛೂಟ್ ಗಯಾ. ಒಂದು ಬಿಟ್ಟು ಹೋಗ್ಯದ."

ಫೋನು ಮುಂದಿಟ್ಟ.

ಕೇದಾರ ಘಾಟಿನ ಮೆಟ್ಟಿಲು. ಪಕ್ಕದ ಹರಿಶ್ಚಂದ್ರ ಘಾಟಿನ ಚಿತೆಗಳಿಂದ ಬರುವ ಹೊಗೆ ಎಷ್ಟು, ಮಂಜು ಎಷ್ಟು ತಿಳಿಯದು. ನಮ್ಮ ಟೀಮಿನ ಜೆರ್ಸಿ, ಕೆಳಗೆ ಪಂಚೆ, ನಾಲ್ಕು ಹುಡುಗರು. ನಡುವೆ ಮೂಗಿಗೆ ಬ್ಯಾಂಡೇಜ್ ಸುತ್ತಿಕೊಂಡ ಸುಧೀಂದ್ರ, ಅಂಗೈಯಲ್ಲಿ ಎಳ್ಳು. ಅವನು ಹಿಂತಿರುಗಿ ಕೇಳುತ್ತಾನೆ, "ಏ, ಅವನ ಗೋತ್ರ ಯಾವುದೋ?"

"ಪತಾ ನಹೀ. ಕಾಶ್ಯಪ ಅಂದ್ಬಿಡು," ಎನ್ನುತ್ತಾನೆ ಇನ್ನೊಬ್ಬ. ಗೋತ್ರ ಗೊತ್ತಿಲ್ಲದ ಯಾತ್ರಿಕರಿಗೆ ಇಲ್ಲಿ ಹಾಗೇ ಹೇಳಿಸುವುದು.

ಆಗ ಹಿಂದಿನಿಂದ ಹೆಂಗಸಿನ ಧ್ವನಿ. "ಏಯ್, ಕಾಶ್ಯಪ ಅಲ್ಲ ಕಣ್ರೋ, ಭಾರದ್ವಾಜ. ನಮ್ಮ ತವರಿನದೂ ಅದೇ. ಸರಿಯಾಗಿ ಹೇಳಿ."

ಕ್ಯಾಮೆರಾ ತಿರುಗುತ್ತದೆ. ಮೆಟ್ಟಿಲ ಮೇಲೆ ಕಂದು ಶಾಲು, ಕೈಯಲ್ಲಿ ಮಣ್ಣಿನ ಕುಲ್ಹಡ್‌ನಲ್ಲಿ ಚಹಾ. ನಗುತ್ತಿದ್ದಾಳೆ. ಮತ್ತೆ ಕ್ಯಾಮೆರಾ ನೀರಿನ ಕಡೆ. ಭಾರದ್ವಾಜ ಗೋತ್ರ, ಪ್ರಾಣೇಶ. ಹೆಬ್ಬೆರಳ ಬದಿಯಿಂದ ನೀರು ಇಳಿಯುತ್ತದೆ. ಮೂರು ಸಲ.

ಫೋನನ್ನು ಚಾಪೆಯ ಮೇಲೆ ಮಗುಚಿದೆ. ನಾನು ಸುಧೀಂದ್ರನ ಕಡೆ ತಿರುಗಿದೆ. ಮುಳುಗುವವಳಿಗೆ ಏನಾದರೂ ಹಿಡಿಯಬೇಕಲ್ಲ?

"ಆವತ್ತು ಸಂಜೆ ನೀನು ಮನೆಗೆ ಬಂದಿದ್ದೆ. ನಾನು ನಿಂಗೆ ಬೈದಿದ್ದೆ ಅಲ್ವೇನೋ?"

ಅವನು ಚಾಪೆಯ ಅಂಚನ್ನು ಕೀಳುತ್ತ ಕೂತ. "ಇಲ್ಲ ಅಕ್ಕ. ನೀವು ಬೈದಿಲ್ಲ. ಅಲ್ಲೇ ಘಾಟಿನ್ಯಾಗ ಎಲ್ಲಾರಿಗೂ ಚಾಯ್ ಕುಡಿಸಿದ್ರಿ."

ಚಾಯ್ ಕುಡಿಸಿದೆನಂತೆ!

ಹಾಗಾದರೆ ಜ್ವರ? ಜ್ವರ ಬಂದದ್ದು ನಿಜ, ಬೇರೆ ಯಾವಾಗಲೋ. ಬೈದದ್ದೂ ನಿಜವಿರಬೇಕು, ಬೇರೆ ಯಾರಿಗೋ. ಶಾಲು ಮಾತ್ರ ಸರಿಯಾದ ಜಾಗದಲ್ಲಿತ್ತು. ಉಳಿದದ್ದನ್ನೆಲ್ಲ ನಾನು ಯಾವ ದಿನ ಕೂತು ಹೊಲಿದೆ? ಅಂಕಣ ಬರೆಯುವಾಗಲೇ? ಅದಕ್ಕೂ ಮೊದಲೇ? ಗೊತ್ತಿಲ್ಲ. ಹೊಲಿದ ನೆನಪೇ ಇಲ್ಲ. ನನ್ನನ್ನು ಬೆಚ್ಚಿಬೀಳಿಸಿದ್ದು ಇದು. ಸುಳ್ಳು ಹೇಳಿದ್ದರೆ ಸುಳ್ಳು ಹೇಳಿದ್ದಾದರೂ ಗೊತ್ತಿರುತ್ತದೆ.

ಭಟ್ಟರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ, ಯಾರಿಗೂ ಹೇಳದವರ ಹಾಗೆ ಹೇಳಿದರು. "ಕಾಶ್ಯಪ ಅಂದಿದ್ರ ಅದು ಇವಗ ಮುಟ್ಟತಿರಲಿಲ್ಲ. ಬರೇ ನೀರಾಗಿ ಗಂಗಾದಾಗ ಹೋಗತಿತ್ತು."

ಈ ಮಾತಿನಲ್ಲಿ ನನಗೆ ನಂಬಿಕೆ ಇದೆಯೇ? ಇಲ್ಲ. ಬ್ಯಾಂಕಿನಲ್ಲಿ ಕೂತು ಯೋಚಿಸಿದರೆ ಖಂಡಿತ ಇಲ್ಲ. ಆ ಮಹಡಿಯಲ್ಲಿ ಕೂತಿದ್ದಾಗ ಅಂಗಾಲಿನಿಂದ ಚಳಿ ಏರಿತು. ತಪ್ಪು ನಮೂದು ಕಂಡರೆ ಸುಮ್ಮನಿರಲಾರದ ಚಟ ನನ್ನದು. ಎದುರಿನ ಟೀಮಿನವರ ಹೆಸರನ್ನೂ ತಿದ್ದಿಸಿ ಬರೆಯುತ್ತೇನೆ. ಆ ಬೆಳಿಗ್ಗೆಯೂ ಅದನ್ನೇ ಮಾಡಿದೆ. ಹುಡುಗರು ತಪ್ಪು ವಿಳಾಸ ಬರೆಯುತ್ತಿದ್ದರು. ನಾನು ಸರಿಪಡಿಸಿದೆ.

"ನಿನಗೆ ಇದು ಯಾವಾಗ ಸಿಕ್ಕಿತು?" ಎಂದು ಕೇಳಿದೆ.

"ಆವತ್ತೇ. ಹುಡುಗರ ಗ್ರೂಪಿನ್ಯಾಗ ಹಾಕಿದ್ರು. ನಾನು ನೋಡೂಕಿಂತ ಮೊದಲ ಅಮ್ಮ ನೋಡಿದ್ಲು. ಹುಡುಗರಿಗೆ ಏನೂ ಅನಲಿಲ್ಲ ಆಕಿ. 'ಇದು ಬ್ಯಾಂಕಿನ ಅಕ್ಕನ ಧ್ವನಿ ಅಲ್ಲೇನೋ?' ಅಂತ ಒಂದಽ ಕೇಳಿದ್ಲು."

ಅವನ ತಾಯಿ ಮೂರು ವರ್ಷದಿಂದ ನನ್ನನ್ನು ಗಲ್ಲಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ. ವಯಸ್ಸಾಯಿತು, ದೃಷ್ಟಿ ಮಂಜಾಗಿರಬೇಕು ಎಂದುಕೊಂಡಿದ್ದೆ.

"ಅದಕ್ಕೇ ನನ್ನ ಟೇಬಲ್ ಒದ್ದೆಯಾ?"

ಪ್ರಶ್ನೆ ಕೇಳುವಾಗಲೇ ಒಳಗೆ ಆಸೆ ಹುಟ್ಟಿತ್ತು. ಹೌದು ಎಂದುಬಿಟ್ಟರೆ ಎಷ್ಟು ಅಚ್ಚುಕಟ್ಟು! ಇದಕ್ಕೆ ಅದು ಕಾರಣ, ಅದಕ್ಕೆ ಇದು. ಅಂಕಣ ತಾನಾಗಿ ಬರೆದುಕೊಳ್ಳುತ್ತದೆ.

"ಗೊತ್ತಿಲ್ಲ ಮೇಡಂ. ರೆಫರಿ ತಪ್ಪು ಸೀಟಿ ಹೊಡದಿದ್ದ, ಸಿಟ್ಟು ಬಂದಿತ್ತು. ಕಾಲ ಮುಂದ ಟೇಬಲ್ ಇತ್ತು. ಟೇಬಲ್ ಹಿಂದ ನೀವಿದ್ರಿ."

ನನಗಿಂತ ಪ್ರಾಮಾಣಿಕ ಸ್ಕೋರರ್.

"ಮತ್ತ, ಸುಧಿ ಮೂಗು ಮುರದದ್ದು ನಾನಽ. ಅದಕ್ಕ ಯಾವ ವಿಡಿಯೋನೂ ಇಲ್ಲ, ನೆವಾನೂ ಇಲ್ಲ. ನನ್ನನ್ನ ತಗೋಳೂದು ಬಿಡೂದು ನಿಮಗ ಬಿಟ್ಟದ್ದು. ಆದರ ನಾನು ಮತ್ತ ಹುಟ್ಟೂದಿಲ್ಲ ಕಾಕಾ," ಎಂದು ಭಟ್ಟರ ಕಡೆ ತಿರುಗಿದ. "ನಾನು ಸತ್ತಿಲ್ಲ. ಪ್ರಾಯಶ್ಚಿತ್ತ ಆಗಬೇಕಂದ್ರ ನೀರು ಬಿಟ್ಟವರು ಮಾಡ್ಕೊಳ್ಳಲಿ."

ಭಟ್ಟರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಸುಧೀಂದ್ರನಿಗೆ ಹೇಳಿದರು, "ನಾಳೆ ಮುಂಜಾನೆ ನಾಲ್ಕೂ ಮಂದಿ ಗಂಗಾದಾಗ ಮುಳುಗ್ರಿ. ತಣ್ಣೀರು ಅಂತ ಕೂಗ್ಯಾಡಬ್ಯಾಡ್ರಿ." ನನ್ನ ಕಡೆ ನೋಡಲೂ ಇಲ್ಲ. ನನಗೇನು ವಿಧಿ ಎಂದು ನಾನೇ ಕೇಳಿದೆ. "ಗೋತ್ರ ಹೇಳಿಕೊಟ್ಟವರಿಗೆ ಏನು ಅಂತ ಯಾವ ಪುಸ್ತಕದಾಗೂ ನಾ ಓದಿಲ್ಲವಾ," ಎಂದರು.

ಭಟ್ಟರು ತಮ್ಮ ವೋಟು ಬದಲಾಯಿಸಿದರು. ಪ್ರಾಣೇಶ ಟೀಮಿಗೆ ಸೇರಿದ. ನಾನು ನನ್ನ ವೋಟು ಬದಲಾಯಿಸಿದೆನೇ? ನಿಜ ಹೇಳಬೇಕೆಂದರೆ ಬಾಯಿ ಬಿಡಲಿಲ್ಲ. ಮುಂದಿನ ವರ್ಷ "ಅವನ ಪರ ಮಾತಾಡಿದವಳೇ ನಾನು" ಎಂದು ಬರೆದರೆ ದಯವಿಟ್ಟು ಈ ಪುಟ ತೆಗೆದು ತೋರಿಸಿ.

ಮಿಶ್ರಾಜಿ ರಿಜಿಸ್ಟ್ರೇಷನ್ ಫಾರಂ ತೆಗೆದರು. ಅದನ್ನು ತುಂಬುವುದು ಯಾವಾಗಲೂ ನಾನೇ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಬರೆದೆ. ಪ್ರಾಣೇಶ ನನ್ನ ಭುಜದ ಹಿಂದೆ ನಿಂತು ನೋಡುತ್ತಿದ್ದ.

"ಇದರಾಗ ಗೋತ್ರದ ಕಾಲಂ ಇಲ್ಲ ಅಲ್ಲಾ ಮೇಡಂ?" ಎಂದ. ಸುಧೀಂದ್ರ ನಕ್ಕ, ಮಿಶ್ರಾಜಿಗೆ ಅರ್ಥವಾಗಲಿಲ್ಲ. ನನಗೆ ನಗಲಾಗಲಿಲ್ಲ.

ಫಾರಂ ಕೈಗೆ ಕೊಟ್ಟೆ. ಅವನು ಬಿಸಿಲಿಗೆ ಹಿಡಿದು, ನಾನು ಬರೆದ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ಎರಡು ಸಲ ಓದಿದ. ಎಲ್ಲ ಸರಿಯಾಗಿತ್ತು. ಆಮೇಲೆಯೇ ಸಹಿ ಹಾಕಿದ್ದು.

ನಾನು ಎಲ್ಲಿ ತಪ್ಪು ಬರೆಯುತ್ತೇನೋ ಎಂಬ ಭಯವೇ ಅವನಿಗೆ, ಅಥವಾ ಘಾಟಿನ ಆ ಬೆಳಗಿನ ಹಾಗೆ ಮತ್ತೆ ಸರಿಯಾಗಿ ಬರೆದುಬಿಡುತ್ತೇನೆ ಎಂದೇ?