ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ

ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿಯಲ್ಲೇ ಸವೆದ ಆ ಮೆಕ್ಯಾನಿಕ್‌ಗೆ ಬೀದಿಯವರು ಇಟ್ಟ ಹೆಸರು ‘ಮೇಲೆ-ಕೆಳಗೆ’. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಜನರನ್ನು ಮೇಲೆತ್ತುತ್ತೇವೆಂದು ಭಾಷಣ ಮಾಡುವವರು ಬೇಕಾದಷ್ಟಿದ್ದಾರೆ, ನಿಜವಾಗಿ ಎತ್ತುವವನು ತಾನೊಬ್ಬನೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಆ ವರ್ಷ ಎರಡು ತಿಂಗಳಲ್ಲಿ ಊರು ಮೂರು ಸಲ ಬಂದ್ ಆಯಿತು. ಮೊದಲನೆಯದು ಬಸ್ ದರ ಏರಿಸಿದ್ದನ್ನು ವಿರೋಧಿಸಿ. ಅಂದು ಬಸ್ಸೇ ಓಡಲಿಲ್ಲವಾದ್ದರಿಂದ ಹೆಚ್ಚಿನ ದರ ಕೊಡುವ ಕಷ್ಟ ಯಾರಿಗೂ ಬರಲಿಲ್ಲ. ಎರಡನೆಯದನ್ನು ಎದುರು ಪಕ್ಷದವರು ಕರೆದರು. ಮೊದಲ ಬಂದ್‌ನಿಂದ ಜನಸಾಮಾನ್ಯರಿಗೆ ತೊಂದರೆಯಾಯಿತು ಎಂಬುದು ಅವರ ನೋವು. ಆ ಎರಡನೆಯದನ್ನು ಕರೆದದ್ದಕ್ಕೆ ಎದುರು ಪಕ್ಷದವರು ಕ್ಷಮೆ ಕೇಳಬೇಕೆಂದು ಮೊದಲಿನವರು ಮೂರನೆಯದನ್ನು ಕರೆದರು. ಮೂರಕ್ಕೂ ಜನ ಸ್ವಯಂಪ್ರೇರಿತರಾಗಿ ಸ್ಪಂದಿಸಿದರು. ಸ್ಪಂದಿಸದ ಅಂಗಡಿಗಳ ಗಾಜು ಸ್ವಯಂಪ್ರೇರಿತವಾಗಿ ಒಡೆಯಿತು.

ಮೊದಲ ಬಂದ್‌ನಲ್ಲಿ ಮೆಕ್ಯಾನಿಕ್ ಕೆಲಸಕ್ಕೆ ಹೊರಟಾಗ ಪೊಲೀಸರು ಅವನ ಚೀಲ ತೆಗೆಸಿ, ಸ್ಪ್ಯಾನರುಗಳನ್ನು ಮಾರಕಾಸ್ತ್ರಗಳೆಂದು ಒಂದೊಂದಾಗಿ ರಸ್ತೆಯ ಮೇಲೆ ಜೋಡಿಸಿದ್ದರು. ಎರಡನೆಯದರಲ್ಲಿ ಚಳವಳಿಗಾರರು ಅವನ ಸ್ಕೂಟರಿನ ಎರಡೂ ಚಕ್ರದ ಗಾಳಿ ಬಿಟ್ಟು, ಸಹಕರಿಸಿದ್ದಕ್ಕೆ ಧನ್ಯವಾದ ಹೇಳಿ ಕಳಿಸಿದ್ದರು. ಹೀಗೆ ಎರಡೂ ಕಡೆಯಿಂದ ಬುದ್ಧಿ ಕಲಿತವನು ಮೂರನೇ ಬಂದ್‌ಗೆ ಮೊದಲೇ ರಜೆ ಬರೆದುಕೊಟ್ಟು, ಬೆಳಿಗ್ಗೆ ಕಾಲು ಚಾಚಿ ಮನೆಯಲ್ಲಿ ಕೂತ.

ಎಂಟು ಗಂಟೆಗೆ ಫೋನು ಬಂತು. ಮಾಡಿದವನು ಎರಡು ಮೈಲಿ ಆಚೆಯ ಒಂಬತ್ತು ಮಹಡಿಯ ಕಟ್ಟಡದ ಮುದಿ ಕಾವಲುಗಾರ. ಏಳನೇ ಮಹಡಿಯಲ್ಲಿ ಒಬ್ಬರೇ ಇರುವ ನಿವೃತ್ತ ಟೀಚರಮ್ಮ ಹಾಲು ತರಲು ಲಿಫ್ಟಿನಲ್ಲಿ ಇಳಿಯುತ್ತಿದ್ದಾಗ ಕರೆಂಟು ಹೋಗಿತ್ತು. ಮುಷ್ಕರದವರು ವಿದ್ಯುತ್ ಕಚೇರಿಗೆ ನುಗ್ಗಿ ಇಡೀ ಬಡಾವಣೆಯ ಸ್ವಿಚ್ಚನ್ನೇ ಆರಿಸಿದ್ದರು. ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತುಬಿಟ್ಟಿತ್ತು. ಅಗ್ನಿಶಾಮಕ ದಳದವರು ರಸ್ತೆಯಲ್ಲಿ ಉರಿಯುವ ಟೈರುಗಳಿಂದಾಗಿ ಬರಲಾಗದು ಎಂದಿದ್ದರಂತೆ. ಬೆಂಕಿಗೆ ಹೆದರಿ ನಿಂತ ಅಗ್ನಿಶಾಮಕ ದಳ! ಬಂದ್‌ನಿಂದ ಹಾಲಿಗೆ ವಿನಾಯಿತಿ ಇತ್ತು. ಹಾಲು ತರಲು ಇಳಿಯುವವರಿಗೆ ಇರಲಿಲ್ಲ.

“ಅಮ್ಮನಿಗೆ ಸಕ್ಕರೆ ಕಾಯಿಲೆ ಕಣಪ್ಪ. ಮಾತ್ರೆ ನುಂಗಿದಾರೆ, ಇನ್ನೂ ಏನೂ ತಿಂದಿಲ್ಲ. ಆಗಲೇ ಮಾತು ನಿಧಾನ ಆಗ್ತಿದೆ,” ಎಂದ ಕಾವಲುಗಾರ.

ಮೆಕ್ಯಾನಿಕ್ ಎದ್ದು ಚೀಲ ಹೆಗಲಿಗೇರಿಸಿದ. ಫೋನಿನ ಮಾತು ಕೇಳಿಸಿಕೊಂಡಿದ್ದ ಹೆಂಡತಿ ಒಂದು ಬಾಟಲಿಗೆ ನೀರು ತುಂಬಿ, ಸಕ್ಕರೆ ಹಾಕಿ ಕಲಕಿ ಅವನ ಕೈಗಿಟ್ಟಳು. ಜೊತೆಯ ಕೆಲಸಗಾರನಿಗೆ ಫೋನು ಮಾಡಿದರೆ ಅವನಿರುವುದು ಊರಿನ ಇನ್ನೊಂದು ತುದಿ, ಬಸ್ಸಿಲ್ಲ. ಅದೇ ತಲೆನೋವಾಯಿತು. ಕರೆಂಟಿಲ್ಲದಾಗ ಲಿಫ್ಟನ್ನು ಸರಿಸಲು ಮೇಲಿನ ಯಂತ್ರದ ಕೋಣೆಯಲ್ಲಿ ಒಬ್ಬ ಬ್ರೇಕು ಎತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರ ತಿರುಗಿಸಬೇಕು. ಕಾವಲುಗಾರನ ಭುಜ ಮೇಲೇಳದೆ ವರ್ಷವಾಗಿತ್ತು.

ಅರ್ಧ ದಾರಿಯಲ್ಲಿ, ನಾಲ್ಕು ರಸ್ತೆ ಕೂಡುವಲ್ಲಿ, ತೋಳಿಗೆ ಪಟ್ಟಿ ಕಟ್ಟಿದ ಹತ್ತು ಹನ್ನೆರಡು ಜನ ಅವನನ್ನು ತಡೆದರು. ಮುಂದಾಳು ಕಪ್ಪು ಕನ್ನಡಕದ, ಹೊಟ್ಟೆ ಬಂದ ಮಧ್ಯವಯಸ್ಕ. ಇಂದು ಯಾರೂ ಕೆಲಸಕ್ಕೆ ಹೋಗುವಂತಿಲ್ಲ ಎಂದು ಅವನು ಬಲು ಸಮಾಧಾನದಿಂದ ತಿಳಿಸಿದ. ತಾನು ರಜೆಯಲ್ಲಿದ್ದೇನೆ, ಇದು ಕೆಲಸವಲ್ಲ, ಮುದುಕಿಯೊಬ್ಬರು ಸಿಕ್ಕಿಕೊಂಡಿದ್ದಾರೆ ಎಂದು ಮೆಕ್ಯಾನಿಕ್ ವಿವರಿಸಿದ. ಕನ್ನಡಕದವನು ಜೇಬಿನಿಂದ ವಿನಾಯಿತಿಯ ಪಟ್ಟಿ ತೆಗೆದು ಬೆರಳಿಟ್ಟು ಓದಿದ. ಹಾಲು, ಔಷಧಿ, ಪತ್ರಿಕೆ, ಹೆಣ ಸಾಗಿಸುವ ಗಾಡಿ. ಲಿಫ್ಟು ಇರಲಿಲ್ಲ. ನಿಯಮವೆಂದರೆ ನಿಯಮ ಎಂದು, ಅರ್ಧ ಗಂಟೆಯ ಹಿಂದೆ ಬಸ್ ನಿಲ್ದಾಣದ ಛಾವಣಿ ಕಿತ್ತ ಆ ಗುಂಪಿನವರೆಲ್ಲ ತಲೆಯಾಡಿಸಿದರು.

ಮೆಕ್ಯಾನಿಕ್‌ಗೆ ರೇಗಿ ಮೈ ಉರಿಯಿತು. ಆದರೆ ರೇಗಾಡಿದರೆ ಹೊತ್ತು ಹೋಗುತ್ತದೆ, ಮುದುಕಿಗೆ ಹೊತ್ತಿಲ್ಲ. ಅವನು ದನಿ ತಗ್ಗಿಸಿಯೇ ಹೇಳಿದ:

“ಪಟ್ಟಿಯಲ್ಲಿ ಹೆಣದ ಗಾಡಿ ಇದೆಯಲ್ಲ. ಇನ್ನೊಂದು ಗಂಟೆ ನನ್ನನ್ನ ಇಲ್ಲೇ ನಿಲ್ಲಿಸ್ಕೊಳ್ಳಿ, ಆಮೇಲೆ ಅದನ್ನೇ ಕಳಿಸೋಣ. ವಿನಾಯಿತಿ ಸಿಗತ್ತೆ.”

ಕನ್ನಡಕದವನು ಮೇಲಿನವರಿಗೆ ಫೋನು ಮಾಡಿದ. ಮೇಲಿನವರು ಇನ್ನೂ ಎದ್ದಿರಲಿಲ್ಲ. ಕೊನೆಗೆ ಅವನೇ, ನಮ್ಮ ಕಾರ್ಯಕರ್ತರ ಸಮ್ಮುಖದಲ್ಲಿ ನಡೆದರೆ ಅದನ್ನು ಮಾನವೀಯ ನೆರವೆಂದು ಪರಿಗಣಿಸಬಹುದು ಎಂದು ದಾರಿ ಕಂಡುಹಿಡಿದು, ಇಬ್ಬರನ್ನು ಕರೆದುಕೊಂಡು ಹೊರಟ. ಮೆಕ್ಯಾನಿಕ್ ಬೇಡವೆನ್ನಲಿಲ್ಲ. ಅವನಿಗೆ ಕೈಗಳು ಬೇಕಿದ್ದವು.

ಒಂಬತ್ತು ಮಹಡಿಯ ಮೆಟ್ಟಿಲು. ಐದರಲ್ಲಿ ಒಬ್ಬ ಕಾರ್ಯಕರ್ತ ಕೂತ, ಏಳರಲ್ಲಿ ಇನ್ನೊಬ್ಬ. ಕನ್ನಡಕದವನು ಮಾತ್ರ ಮರ್ಯಾದೆಗೆ ಅಂಜಿ, ಕಮ್ಮಾರನ ತಿದಿಯ ಹಾಗೆ ಏದುಸಿರು ಬಿಡುತ್ತ ಯಂತ್ರದ ಕೋಣೆಯವರೆಗೆ ಬಂದ. ಮೆಕ್ಯಾನಿಕ್ ಮೇನ್ ಸ್ವಿಚ್ ಆರಿಸಿ, ಬ್ರೇಕಿನ ಸನ್ನೆಕೋಲನ್ನು ಎತ್ತಿ ಹಿಡಿದು, ಚಕ್ರ ತೋರಿಸಿದ.

“ನಾನು ಹೇಳಿದಾಗ ತಿರುಗಿಸಿ, ಹೇಳಿದಾಗ ನಿಲ್ಲಿಸಿ. ನಡುವೆ ಭಾಷಣ ಬೇಡ.”

ಒಳಗೆ ಒಬ್ಬರೇ ಇದ್ದುದರಿಂದ ಹಗ್ಗದ ಇನ್ನೊಂದು ತುದಿಯ ಎದುರು ತೂಕವೇ ಭಾರವಾಗಿ ಲಿಫ್ಟು ಇಂಚಿಂಚಾಗಿ ಮೇಲಕ್ಕೆ ಏರತೊಡಗಿತು. ಸಂಪೂರ್ಣ ಬಂದ್‌ನ ದಿನ ಊರಿನಲ್ಲಿ ಬೆವರು ಸುರಿಸಿ ಕೆಲಸ ಮಾಡಿದ ಏಕೈಕ ವ್ಯಕ್ತಿ ಬಂದ್‌ನ ಮುಂದಾಳುವೇ ಆದ. ಲಿಫ್ಟು ಮಹಡಿಯ ಮಟ್ಟಕ್ಕೆ ಬಂತೆಂದು ಹೇಳುವ, ಹಗ್ಗದ ಮೇಲಿನ ಹಳದಿ ಗುರುತು ನೇರಕ್ಕೆ ಬಂದೊಡನೆ ಮೆಕ್ಯಾನಿಕ್ ಬ್ರೇಕು ಬಿಟ್ಟು, ನಾಲ್ಕನೇ ಮಹಡಿಗೆ ಓಡಿಳಿದು, ಕೀಲಿ ತಿರುಗಿಸಿ ಬಾಗಿಲು ಸರಿಸಿದ.

ಟೀಚರಮ್ಮ ಮೂಲೆಯಲ್ಲಿ ಮಡಿಚಿದ ಕೈಚೀಲದ ಮೇಲೆ ಕೂತಿದ್ದರು. ಮೈಯೆಲ್ಲ ಒದ್ದೆ, ತುಟಿ ಬಿಳಿಚಿತ್ತು. ಮೆಕ್ಯಾನಿಕ್ ಮಂಡಿಯೂರಿ ಸಕ್ಕರೆ ನೀರು ಕುಡಿಸಿದ. ಸ್ವಲ್ಪ ಹೊತ್ತಿನ ಮೇಲೆ ಅವರ ಮುಖಕ್ಕೆ ಬಣ್ಣ ಬಂತು. ಹಿಂದೆಯೇ ಇಳಿದು ಬಂದು ಬಾಗಿಲಲ್ಲಿ ನಿಂತಿದ್ದವನ ತೋಳುಪಟ್ಟಿಯನ್ನು ನೋಡಿ, ನಿಮ್ಮ ಬೇಡಿಕೆ ಏನು ಎಂದು ಕೇಳಿದರು. ಮೂರು ಬೇಡಿಕೆಗಳಿವೆ ಎಂದ ಕನ್ನಡಕದವನು. ಮೊದಲನೆಯದು ಹೇಳಿದ. ಎರಡನೆಯದಕ್ಕೆ ತಡವರಿಸಿದ. ಮೂರನೆಯದಕ್ಕೆ ಫೋನು ತೆಗೆದ.

“ನೋಡಿ ಹೇಳೋ ಹಾಗಿಲ್ಲ,” ಎಂದರು ಟೀಚರಮ್ಮ.

ಆದರೂ ಫೋಟೋ ತೆಗೆಯುವುದಕ್ಕೆ ಯಾವ ಅಡ್ಡಿಯೂ ಆಗಲಿಲ್ಲ. ಮರುದಿನದ ಪತ್ರಿಕೆಯಲ್ಲಿ ‘ವೃದ್ಧೆಯ ಜೀವ ಉಳಿಸಿದ ಹೋರಾಟಗಾರರು’ ಎಂಬ ತಲೆಬರಹದಡಿ ಕನ್ನಡಕದವನು ನಗುತ್ತಿದ್ದ. ಅಂಚಿನಲ್ಲಿ ಒಂದು ಮೊಣಕೈ ಮತ್ತು ಒಂದು ನೀರಿನ ಬಾಟಲಿ. ಮೊಣಕೈ ತನ್ನ ಗಂಡನದೇ ಎಂದು ಹೆಂಡತಿ ಬೀದಿಯಲ್ಲೆಲ್ಲ ತೋರಿಸಿ ಬಂದಳು. ವಾರದೊಳಗೆ ಪಕ್ಷದವರು ಬಂದು, ತಾಂತ್ರಿಕ ಘಟಕದ ಉಪಾಧ್ಯಕ್ಷನಾಗೆಂದು ಅವನನ್ನು ಕರೆದರು. ಅವನು ಕೈಮುಗಿದು ಬಾಗಿಲು ಹಾಕಿಕೊಂಡ.

ಕಂಪನಿಯೂ ಆ ಫೋಟೋ ನೋಡಿತ್ತು. ರಜೆಯ ದಿನ ಉಪಕರಣ ಬಳಸಿದ್ದೇಕೆ, ಯಂತ್ರದ ಕೋಣೆಗೆ ಅನುಮತಿಯಿಲ್ಲದವರನ್ನು ಬಿಟ್ಟದ್ದೇಕೆ ಎಂದು ನೋಟಿಸು ಬಂತು. ಅಂದು ಊರಿಗೆಲ್ಲ ಅನುಮತಿ ಕೊಡುತ್ತಿದ್ದವರೇ ಅವರು, ಅವರಿಗೆ ಯಾರ ಅನುಮತಿ ಕೇಳಬೇಕಿತ್ತೋ ತಿಳಿಯಲಿಲ್ಲ ಎಂದು ಅವನು ಉತ್ತರ ಬರೆದ. ಹೆಂಡತಿ ಓದಿ, ನಕ್ಕು, ಹರಿದುಹಾಕಿ, ತಪ್ಪಾಯಿತು ಎಂದು ಎರಡು ಸಾಲು ಬರೆಸಿದಳು.

ಈಗ ಬಂದ್ ಘೋಷಣೆಯಾದರೆ ಅವನು ಹಿಂದಿನ ಸಂಜೆಯೇ ತನ್ನ ಪಾಲಿನ ಕಟ್ಟಡಗಳನ್ನೆಲ್ಲ ಸುತ್ತಿ, ವಯಸ್ಸಾದವರ ಬಾಗಿಲು ತಟ್ಟಿ, ನಾಳೆ ಲಿಫ್ಟು ಹತ್ತಬೇಡಿ ಎಂದು ಹೇಳಿ ಬರುತ್ತಾನೆ. ಒಂಬತ್ತು ಮಹಡಿಯ ಕಟ್ಟಡದಲ್ಲಿ ಅವನೂ ಕಾವಲುಗಾರನೂ ಸೇರಿ ಪ್ರತಿ ಮಹಡಿಯ ಮೆಟ್ಟಿಲ ತಿರುವಿಗೆ ಒಂದೊಂದು ಕುರ್ಚಿ ಹಾಕುತ್ತಾರೆ. ಹಾಲು ತಂದು ಮರಳುವ ಟೀಚರಮ್ಮ ಪ್ರತಿ ಕುರ್ಚಿಯಲ್ಲೂ ಪತ್ರಿಕೆಯ ಒಂದು ಪುಟ ಓದಿ ಮುಗಿಸಿ ಮುಂದಿನ ಮಹಡಿ ಹತ್ತುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಆ ಸಲದ ಬೇಡಿಕೆಗಳೆಲ್ಲ ಅವರಿಗೆ ಬಾಯಿಪಾಠವಾಗಿರುತ್ತವೆ.