ಪರೀಕ್ಷೆ ತಪ್ಪಲಿ ಎಂದು ನಾನು ಬೇಡಿಕೊಂಡೆ

ಔರಾದಿನ ಅಮರೇಶ್ವರನ ಗುಡಿಯಲ್ಲಿ ಸೋಮವಾರ ಭಜನೆಗೆ ಕೂಡುವ ಅಕ್ಕಂದಿರೇ, ಅಣ್ಣಂದಿರೇ, ನಾನು ದೇವರ ಮುಂದೆ ಒಂದು ಕೆಟ್ಟ ಬೇಡಿಕೆ ಇಟ್ಟವಳು. ಅದು ಮರುದಿನವೇ ಈಡೇರಿತು. ಈಡೇರಿದ ರೀತಿಗೆ ಹೆದರಿ ಎಷ್ಟೋ ದಿನ ಅವನ ಹೆಸರೆತ್ತಲು ನನಗೆ ಬಾಯಿ ಬರಲಿಲ್ಲ. ಅವ್ವ "ಬರ್ದು ಕೊಡು, ನಾಕು ಮಂದಿ ಓದ್ಲಿ" ಎಂದಿದ್ದಕ್ಕೆ ಬರೆಯುತ್ತಿದ್ದೇನೆ. ಎಲ್ಲವೂ ಅರ್ಥವಾದ ಮೇಲೆ ಬರೆಯುತ್ತಿದ್ದಾಳೆ ಎಂದು ದಯವಿಟ್ಟು ತಿಳಿಯಬೇಡಿ.

ನನ್ನ ಹೆಸರು ಶಿವಲೀಲಾ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅವ್ವ ಔರಾದಿನಲ್ಲಿ ಅಂಗನವಾಡಿ ಟೀಚರ್. ನಾನು ಹೈದರಾಬಾದಿನಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಖಗೋಳ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳು ನನ್ನ ವಿಷಯ.

ಪಿಎಚ್‌ಡಿ ಎಂದರೆ ದಪ್ಪ ಪುಸ್ತಕ ಬರೆಯುವುದು ಎಂದು ನಮ್ಮ ಕಡೆ ತಿಳಿದಿದ್ದಾರೆ. ಅದಕ್ಕೆ ಮೊದಲು ದಾಟಬೇಕಾದ ಹೊಸ್ತಿಲುಗಳು ಹಲವು. ಆರಂಭದ ಎರಡು ವರ್ಷ ಗೊತ್ತುಪಡಿಸಿದಷ್ಟು ಪಾಠಗಳನ್ನು ಓದಿ ಪಾಸಾಗಬೇಕು. ಅವೆಲ್ಲ ಮುಗಿದ ಮೇಲೆ ಬಾಯಿಪರೀಕ್ಷೆ. ಮೂವರು ಪ್ರಾಧ್ಯಾಪಕರು ಎದುರಿಗೆ ಕೂತಿರುತ್ತಾರೆ, ನಾವು ಸೀಮೆಸುಣ್ಣ ಹಿಡಿದು ಬೋರ್ಡಿನ ಹತ್ತಿರ ನಿಲ್ಲಬೇಕು. ಸೂರ್ಯನಿಂದ ಹಿಡಿದು ಬ್ರಹ್ಮಾಂಡದ ಕೊನೆಯವರೆಗೆ ಏನು ಬೇಕಾದರೂ ಕೇಳಬಹುದು. ನಪಾಸಾದರೆ ಇನ್ನೊಂದೇ ಅವಕಾಶ. ಅದರಲ್ಲೂ ನಪಾಸಾದರೆ ಹೆಸರು ತೆಗೆದು ಮನೆಗೆ ಕಳಿಸುತ್ತಾರೆ.

ಕಳೆದ ಫಾಲ್ಗುಣದಲ್ಲಿ ನನ್ನ ಮೊದಲ ಬಾಯಿಪರೀಕ್ಷೆ ಆಯಿತು. ಒಬ್ಬ ಹಿರಿಯ ಪ್ರಾಧ್ಯಾಪಕರು ಮೊದಲಿಗೇ, "ನಕ್ಷತ್ರ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತ ಹೋದರೆ ಅದು ತಣ್ಣಗಾಗುತ್ತದೆಯೋ, ಬಿಸಿಯಾಗುತ್ತದೆಯೋ?" ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಅದು ತನ್ನದೇ ಭಾರಕ್ಕೆ ಕುಗ್ಗುತ್ತದೆ, ಕುಗ್ಗಿದಷ್ಟೂ ಒಳಗೆ ಬಿಸಿಯಾಗುತ್ತದೆ. ಆ ಲೆಕ್ಕವನ್ನು ಹತ್ತು ಸಲ ಬಿಡಿಸಿದ್ದೆ. ಆದರೆ ಬಾಯಿಂದ "ತಣ್ಣಗಾಗುತ್ತದೆ" ಎಂದು ಬಂತು. ಅವರು "ಹೌದೇ?" ಎಂದರು. ಅಷ್ಟಕ್ಕೇ ತಲೆ ಖಾಲಿಯಾಯಿತು. ಆಮೇಲೆ ಒಂದು ಗಂಟೆ ನಾನು ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಸಂಜೆ ಫಲಿತಾಂಶ ಬಂತು. ಅನುತ್ತೀರ್ಣ.

ಎರಡನೆಯ ಪರೀಕ್ಷೆ ಶ್ರಾವಣದ ಒಂದು ಗುರುವಾರಕ್ಕೆ ನಿಗದಿಯಾಯಿತು. ಓದಲು ಕೂತರೆ ಅಕ್ಷರ ಕಾಣುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ. ಮೆಸ್ಸಿನಲ್ಲಿ ಯಾರಾದರೂ "ತಯಾರಿ ಹೇಗಿದೆ?" ಎಂದರೆ ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದೆ. ಎಂಟು ತಿಂಗಳಿಂದ ಊರಿಗೂ ಹೋಗಿರಲಿಲ್ಲ. ಅವ್ವ ಫೋನಿನಲ್ಲಿ "ಯಾವಾಗ ಬರ್ತಿ?" ಎಂದು ಕೇಳಿದಾಗಲೆಲ್ಲ "ಪರೀಕ್ಷಿ ಮುಗೀಲಿ" ಎನ್ನುತ್ತಿದ್ದೆ.

ಆ ವಾರದ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಅವ್ವ ಕೊಟ್ಟಿದ್ದ ಅಮರೇಶ್ವರನ ಪಟದ ಮುಂದೆ ಕೂತೆ. ಪಾಸು ಮಾಡು ಎಂದು ಕೇಳಲು ಧೈರ್ಯ ಬರಲಿಲ್ಲ. "ಅಪ್ಪಾ, ಹ್ಯಾಂಗರೆ ಮಾಡಿ ಈ ಪರೀಕ್ಷಿ ತಪ್ಸು. ಏನಾದ್ರೂ ಆಗ್ಲಿ, ಇದೊಂದು ತಪ್ಸು" ಎಂದೆ. ಏನಾದರೂ ಆಗಲಿ ಎಂದದ್ದು ನಾನೇ. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಮಂಗಳವಾರ ಮಧ್ಯಾಹ್ನ ಅವ್ವನ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಗಂಡಸಿನ ದನಿ.

"ಶಿವಲೀಲಾ ಅಂದ್ರ ನೀವೇ ಏನ್ರಿ? ನಾ ರಶೀದ್ ಅಂತ, ಭಾಲ್ಕಿ ಬಸ್ ಸ್ಟ್ಯಾಂಡಿನ್ಯಾಗ ಆಟೋ ಹೊಡಿತೀನ್ರಿ. ಗಾಬ್ರಿ ಆಗಬ್ಯಾಡ್ರಿ. ನಿಮ್ಮ ಅಮ್ಮಾ ಬಸ್ ಇಳದ ಕೂಡ್ಲೆ ಚಕ್ಕರ್ ಬಂದು ಬಿದ್ದಾರ್ರಿ. ದವಾಖಾನಿಗಿ ಒಯ್ಲಾಕತ್ತೀನಿ. ನೀವು ಜಲ್ದಿ ಬರ್ರಿ."

"ಮಾತಾಡ್ಲಾಕತ್ತಾರೇನ್ರಿ?" ಎಂದು ಕೇಳಿದೆ.

"ಉಸಿರು ಅದ್ರಿ," ಎಂದರು ಅವರು.

ಅವ್ವ ಭಾಲ್ಕಿಯಲ್ಲಿರುವ ತನ್ನ ತಂಗಿಯ ಮನೆಗೆ ಹೊರಟಿದ್ದಳಂತೆ. ನಾನು ಸಿಕ್ಕ ಬಸ್ಸು ಹತ್ತಿದೆ. ಜಹೀರಾಬಾದ್ ದಾಟುವಾಗ ಪರೀಕ್ಷೆಯ ನೆನಪಾಯಿತು. ಬಸ್ಸಿನಲ್ಲೇ ಕೂತು, ತಾಯಿ ಆಸ್ಪತ್ರೆಯಲ್ಲಿದ್ದಾರೆ, ಪರೀಕ್ಷೆ ಮುಂದೂಡಿ ಎಂದು ವಿಭಾಗಕ್ಕೆ ಮೇಲ್ ಮಾಡಿದೆ. ಅದು ಹೋಯಿತೆಂದು ಪರದೆಯ ಮೇಲೆ ಕಂಡಾಗ, ಹಿಂದಿನ ದಿನ ಕೇಳಿಕೊಂಡದ್ದು ತಲೆಗೆ ಬಡಿಯಿತು. ಪರೀಕ್ಷೆ ತಪ್ಪಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು "ಯಾಕವ್ವ, ನೀರು ಬೇಕೇನ?" ಎಂದು ಬಾಟಲಿ ಕೊಟ್ಟರು.

ನಾನು ತಲುಪುವಷ್ಟರಲ್ಲಿ ಅವ್ವನನ್ನು ಭಾಲ್ಕಿಯಿಂದ ಆಂಬುಲೆನ್ಸಿನಲ್ಲಿ ಬೀದರಿಗೆ ತಂದಿದ್ದರು. ಅವ್ವನ ತಂಗಿ, ನಾನು ಮೌಶಿ ಎನ್ನುವವಳು, ಐಸಿಯು ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿ ಕೂತಿದ್ದಳು. ಡಾಕ್ಟರು ನನ್ನನ್ನು ಒಳಗೆ ಕರೆದು ಹೇಳಿದರು:

"ನಾಡಿ ನಿಮಿಷಕ್ಕ ಮೂವತ್ನಾಕು ಬಡಿಲಾಕತ್ತದ. ಹೃದಯಕ್ಕ ಕರೆಂಟ್ ಹೋಗೋ ದಾರಿ ಕೆಟ್ಟದ ಅಂತ ತಿಳ್ಕೋರಿ. ಸದ್ಯಕ್ಕ ನಾಡಿ ನಡಸ್ಲಾಕ ತಾತ್ಕಾಲಿಕ ವಾಯರ್ ಹಾಕೀವಿ. ಗುರುವಾರ ಕಲಬುರಗಿಯಿಂದ ಹೃದಯದ ಡಾಕ್ಟರು ಬರ್ತಾರ, ಪೇಸ್‌ಮೇಕರ್ ಕೂಡಿಸ್ತಾರ. ಅಲ್ಲಿ ತನಕ ನೋಡೋಣ್ರಿ."

ಎರಡು ದಿನ ಆ ಓಣಿಯಂಥ ವರಾಂಡದಲ್ಲಿ ಕಳೆದೆವು. ಬೀದರಿನದೇ ಬಡಾವಣೆ ಚಿದ್ರಿಯಲ್ಲಿದ್ದ ನನ್ನ ಶಾಲೆಯ ಗೆಳತಿ ಮನೆಯಿಂದ ಬುತ್ತಿ ತಂದುಕೊಡುತ್ತಿದ್ದಳು. ಮೌಶಿ ದಿನವಿಡೀ "ಓಂ ನಮಃ ಶಿವಾಯ" ಎನ್ನುತ್ತಿದ್ದಳು. ನನ್ನ ತೊಡೆ ತಟ್ಟಿ, "ನೀನೂ ಬೇಡ್ಕೋ. ಹೆತ್ತ ಮಗಳು ಬೇಡ್ಕೊಂಡ್ರ ಅಂವ ಕೇಳ್ತಾನ" ಎಂದಳು.

"ನಾ ಬ್ಯಾಡ ಮೌಶಿ. ನೀ ಬೇಡ್ಕೋ," ಎಂದೆ.

ಅವಳಿಗೆ ಸಿಟ್ಟು ಬಂತು. ಓದಿದವಳು, ದೇವರ ಮೇಲೆ ನಂಬಿಕೆ ಹೋಗಿದೆ ಎಂದುಕೊಂಡಳು. ನಂಬಿಕೆ ಹೋಗಿದ್ದರೆ ಅಷ್ಟು ಹೆದರಿಕೆ ಏಕೆ ಆಗುತ್ತಿತ್ತು? ನಾನು ಇನ್ನೇನಾದರೂ ಕೇಳಿದರೆ ಅದನ್ನು ಅವನು ಯಾವ ರೀತಿ ನಡೆಸಿಕೊಟ್ಟಾನೋ ಎಂಬ ಭಯ ನನಗೆ. ಹೃದಯದ ರೋಗ ಒಂದು ರಾತ್ರಿಯಲ್ಲಿ ಬರುವುದಿಲ್ಲ, ಒಂದಾದ ಮೇಲೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ. ಇದನ್ನು ನಾನು ಜೂನಿಯರ್‌ಗಳಿಗೆ ಪಾಠ ಮಾಡಿದ್ದೇನೆ. ಆ ಬಾಗಿಲಿನ ಮುಂದೆ ಆ ಪಾಠ ಉಪಯೋಗಕ್ಕೆ ಬರಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಅವ್ವನನ್ನು ಒಳಗೆ ಒಯ್ದರು. ನನ್ನ ಪರೀಕ್ಷೆ ಇದ್ದದ್ದೂ ಅದೇ ಹನ್ನೊಂದಕ್ಕೆ. ಆಗ ರಶೀದ್ ಭಾಯಿ ಭಾಲ್ಕಿಯಿಂದ ಬಂದರು. ಅವ್ವನ ಚಷ್ಮಾ ಆಟೋದಲ್ಲಿ ಉಳಿದಿತ್ತಂತೆ, ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು.

"ಇದಕ್ಕಾಗಿ ಇಷ್ಟು ದೂರ ಬಂದ್ರೇನ್ರಿ?" ಎಂದೆ.

"ಚಷ್ಮಾ ನೆಪ ರಿ. ಅಮ್ಮಾ ಹ್ಯಾಂಗ ಅದಾರ ಅಂತ ದಿಲ್ ನಿಲ್ಲಿಲ್ಲ. ನಮಾಜಿನ್ಯಾಗ ಅವರ ಸಲ್ವಾಗಿ ದುವಾ ಮಾಡೀನ್ರಿ."

ಅವರು ಮೌಶಿಯ ಪಕ್ಕದ ಬೆಂಚಿನಲ್ಲಿ ಕೂತರು. ಅಷ್ಟರಲ್ಲಿ ನನ್ನ ಫೋನಿಗೆ ವಿಭಾಗದಿಂದ ಒಂದು ಮೇಲ್ ಬಂತು. ಕಚೇರಿಯ ಇಂಗ್ಲಿಷಿನಲ್ಲಿ ಒಂದೇ ಉದ್ದ ವಾಕ್ಯ. ನನ್ನ ಕಡತ ಪರಿಶೀಲಿಸಲಾಗಿದೆ, ಪಠ್ಯದ ಅಂಕಗಳಲ್ಲಿ ಕೊರತೆ ಕಂಡಿದೆ, ನಿಯಮದ ಪ್ರಕಾರ ಬಾಯಿಪರೀಕ್ಷೆಯನ್ನು ಅಮಾನ್ಯಗೊಳಿಸಲಾಗಿದೆ. ಮೂರು ಸಲ ಓದಿದೆ. ಪಾಠಗಳೇ ಕಡಿಮೆ ಬಿದ್ದಿವೆ, ಪರೀಕ್ಷೆ ರದ್ದಾಗಿದೆ, ನನ್ನ ಹೆಸರು ತೆಗೆದಿದ್ದಾರೆ ಎಂದೇ ತಿಳಿದೆ. ಅವ್ವನೂ ಹೋಗುತ್ತಾಳೆ, ಓದೂ ಹೋಯಿತು ಎಂದುಕೊಂಡು ಗೋಡೆಗೆ ಒರಗಿ ನಿಂತೆ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಒಂದೂವರೆ ಗಂಟೆ ಕಳೆದ ಮೇಲೆ ಡಾಕ್ಟರು ಹೊರಗೆ ಬಂದರು. "ಆತ್ರಿ. ನಾಡಿ ಎಪ್ಪತ್ತಕ್ಕ ಬಂದದ. ಒಂದು ವಾರ ತಡ ಆಗಿದ್ರ ಕಷ್ಟ ಇತ್ತು," ಎಂದರು. ಮೌಶಿ ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು. ರಶೀದ್ ಭಾಯಿ ಎರಡೂ ಕೈ ಮುಖಕ್ಕೆ ಸವರಿಕೊಂಡರು. ನನಗೆ ಮಾತ್ರ ಕೈ ಮುಗಿಯುವುದೋ ಬೇಡವೋ ತಿಳಿಯಲಿಲ್ಲ.

ಮರುದಿನ ಧೈರ್ಯ ಮಾಡಿ ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಅವರು ಮೊದಲು ಅವ್ವನ ಆರೋಗ್ಯ ಕೇಳಿದರು. ಆಮೇಲೆ ನಾನು, "ಮೇಡಂ, ನನ್ನ ಹೆಸರು ತೆಗೆದರೇ?" ಎಂದೆ.

"ಹೆಸರು ಯಾಕೆ ತೆಗೀತಾರೆ? ಮೇಲ್ ಸರಿಯಾಗಿ ಓದಲಿಲ್ಲವೇ? ಅಮಾನ್ಯ ಆಗಿರೋದು ನೀನು ಹಿಂದೆ ನಪಾಸಾದ ಪರೀಕ್ಷೆ," ಎಂದರು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಪರೀಕ್ಷೆ ಮುಂದೂಡಬೇಕಾದರೆ ವಿದ್ಯಾರ್ಥಿಯ ಪೂರ್ತಿ ಕಡತ ಸಮಿತಿಯ ಮುಂದೆ ಬರಬೇಕು. ಹಾಗೆ ತೆಗೆದು ನೋಡಿದಾಗ, ನಾನು ಬೇರೆ ಸಂಸ್ಥೆಯೊಂದರಲ್ಲಿ ಓದಿದ್ದ ಒಂದು ಪಾಠದ ಅಂಕ ಫಾಲ್ಗುಣದಲ್ಲಿ ಇನ್ನೂ ಸೇರಿಯೇ ಇರಲಿಲ್ಲ ಎಂದು ಗೊತ್ತಾಯಿತು. ಎಲ್ಲ ಪಾಠಗಳೂ ಸೇರದೆ ಯಾರನ್ನೂ ಬಾಯಿಪರೀಕ್ಷೆಗೆ ಕೂರಿಸುವಂತಿಲ್ಲ. ಕೂರಿಸಿದ್ದು ಕಚೇರಿಯ ತಪ್ಪು. ಈಗ ಆ ಅಂಕ ಬಂದು ಸೇರಿದೆ. ನಾನು ನಪಾಸಾದದ್ದನ್ನು ದಾಖಲೆಯಿಂದ ತೆಗೆದಿದ್ದಾರೆ. ಮುಂದಿನದೇ ನನ್ನ ಮೊದಲ ಪರೀಕ್ಷೆ.

"ಈ ಗುರುವಾರ ನೀನು ಕೂತಿದ್ದರೆ ಆ ಕಡತವನ್ನು ಯಾರೂ ತೆರೆಯುತ್ತಿರಲಿಲ್ಲ," ಎಂದರು ಮೇಡಂ.

ಫೋನ್ ಇಟ್ಟ ಮೇಲೆ ಸಂತೋಷವಾಗಬೇಕಿತ್ತು. ನನಗೆ ಇನ್ನಷ್ಟು ಗಾಬರಿಯಾಯಿತು. ದೇವರು ಪರೀಕ್ಷೆ ತಪ್ಪಿಸಿದ್ದಷ್ಟೇ ಅಲ್ಲ, ಹಳೆಯ ಕಳಂಕವನ್ನೂ ಒರೆಸಿದ್ದ. ಇಷ್ಟಕ್ಕೆಲ್ಲ ಅವ್ವನ ಹೃದಯ ನಿಲ್ಲುವ ಹಂತಕ್ಕೆ ಬರಬೇಕಿತ್ತೇ?

ಶನಿವಾರ ಅವ್ವನನ್ನು ವಾರ್ಡಿಗೆ ತಂದರು. ಇಡ್ಲಿ ತಿನ್ನಿಸುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. "ಅವ್ವಾ, ನಿನಗ ಹಿಂಗ ಆಗಿದ್ದು ನನ್ನಿಂದ. ಏನಾದ್ರೂ ಆಗ್ಲಿ ಅಂತ ನಾನೇ ಅಂದೀನಿ."

ಅವ್ವ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನಿನ್ನ ಪರೀಕ್ಷಿ ತಪ್ಸಲಾಕ ದೇವ್ರು ನನ್ನ ಕೆಡವಿದ ಅಂತೀಯೇನ? ಅವಗ ಬ್ಯಾರೆ ದಾರೀನೇ ಸಿಗ್ಲಿಲ್ಲೇನ? ಇಷ್ಟು ಓದಿ ಹುಚ್ಚಿ ಹಂಗ ಮಾತಾಡ್ತಿ."

ಆಮೇಲೆ ದನಿ ತಗ್ಗಿಸಿದಳು. "ಮೂರು ತಿಂಗಳಾತು, ನನಗ ಚಕ್ಕರ್ ಬರ್ಲಾಕತ್ತಿ. ಎರಡು ಸಲ ಅಡಗಿ ಮನ್ಯಾಗೇ ಬಿದ್ದೀನಿ."

"ನನಗ ಯಾಕ ಹೇಳಿಲ್ಲ?"

"ನಿನ್ನ ಪರೀಕ್ಷಿ ಇತ್ತಲ್ಲ."

"ಯಾರಿಗೂ ಹೇಳಿಲ್ಲೇನ?"

"ಅಮರೇಶ್ವರಗ ಹೇಳೀನಿ. ಸೋಮವಾರಕ್ಕೊಮ್ಮೆ ಹೋಗಿ ಹೇಳೀನಿ. ನನ್ನ ಮಗಳು ಒಂದು ಸಲ ಮನಿಗಿ ಬರ್ಲಿ, ಆಕಿ ಸಂಗಟ ದವಾಖಾನಿಗಿ ಹೋಗ್ತೀನಿ ಅಂತ. ಒಬ್ಬಾಕಿಗಿ ಹೋಗ್ಲಾಕ ಅಂಜಿಕಿ ಬರ್ತಿತ್ತು."

ನಾನು ತಟ್ಟೆ ಕೆಳಗಿಟ್ಟೆ. ಅವ್ವ ಮುಂದುವರಿಸಿದಳು: "ಮನ್ಯಾಗ ಬಿದ್ದಿದ್ರ ಯಾರು ನೋಡ್ತಿದ್ರು? ಮಂದಿ ನಡುವ ಬಿದ್ದೀನಿ. ಅದೂ ಅಂಥ ಒಳ್ಳೆ ಮನಷ್ಯಾನ ಮುಂದ."

ಅಕ್ಕಂದಿರೇ, ಅಣ್ಣಂದಿರೇ, ನನ್ನ ಗೊಂದಲ ಅಲ್ಲಿಗೂ ಮುಗಿಯಲಿಲ್ಲ. ನಾನು ಪರೀಕ್ಷೆ ತಪ್ಪಲಿ ಎಂದು ಕೇಳಿದೆ. ಅವ್ವ ಮಗಳು ಬರಲಿ ಎಂದು ಕೇಳಿದಳು. ರಶೀದ್ ಭಾಯಿ ಗುರುತಿಲ್ಲದ ಅಮ್ಮ ಬದುಕಲಿ ಎಂದು ಕೇಳಿದರು. ಮೂರೂ ನಡೆದವು. ದೇವರು ಯಾರ ಮಾತನ್ನು ಯಾವಾಗ ಕೇಳಿದ, ಯಾವುದರಿಂದ ಯಾವುದಾಯಿತು ಎಂದು ನಾನು ಎಷ್ಟೋ ಸಲ ಕೂತು ಜೋಡಿಸಿ ನೋಡಿದ್ದೇನೆ. ಪ್ರತಿ ಸಲವೂ ಎಲ್ಲೋ ಒಂದು ಕೊಂಡಿ ಕಳಚುತ್ತದೆ. ಆದರೆ ಅವ್ವನ ಆ ಮಾತು ಕೇಳಿದ ಮೇಲೆ ನನ್ನ ಹೆದರಿಕೆ ಹೋಯಿತು. ಆ ಸಂಜೆ ಆಸ್ಪತ್ರೆಯ ಕಿಟಕಿಯ ಹತ್ತಿರ ನಿಂತು ಕೈ ಮುಗಿದೆ. ಏನೂ ಕೇಳಲಿಲ್ಲ.

ಪರೀಕ್ಷೆ ಕಾರ್ತೀಕದಲ್ಲಿ ಆಯಿತು. ಅದೇ ಮೂವರು, ಅದೇ ಬೋರ್ಡು. ಅರ್ಧ ಗಂಟೆ ಚೆನ್ನಾಗಿ ನಡೆಯಿತು. ಆಮೇಲೆ ಆ ಹಿರಿಯರು, "ಒಂದು ನಕ್ಷತ್ರ ಕೆಂಪಾಗಿ ಕಾಣುತ್ತಿದೆ. ಅದು ನಿಜವಾಗಿ ಕಡಿಮೆ ಬಿಸಿಯ ನಕ್ಷತ್ರವೋ, ನಡುವೆ ಧೂಳು ಇರುವುದರಿಂದ ಹಾಗೆ ಕಾಣುತ್ತದೆಯೋ, ಹೇಗೆ ತಿಳಿಯುತ್ತೀ?" ಎಂದು ಕೇಳಿದರು. ನನಗೆ ಏನೂ ಹೊಳೆಯಲಿಲ್ಲ. ಮೊದಲಿನವಳಾಗಿದ್ದರೆ ಏನಾದರೂ ಒಂದು ಉತ್ತರ ಒದರುತ್ತಿದ್ದೆ.

"ಸರ್, ನನಗೆ ಗೊಂದಲವಾಗಿದೆ. ಬೋರ್ಡಿನ ಮೇಲೆ ಯೋಚಿಸಲೇ?" ಎಂದೆ.

"ಯೋಚಿಸು. ಅದಕ್ಕೇ ಕರೆದದ್ದು," ಎಂದರು.

ಎರಡು ಸಲ ತಪ್ಪು ದಾರಿ ಹಿಡಿದು ಒರೆಸಿದೆ. ಮೂರನೆಯ ಸಲ ದಾರಿ ಸಿಕ್ಕಿತು. ಧೂಳು ನೀಲಿ ಬೆಳಕನ್ನು ಹೆಚ್ಚು ತಡೆಯುತ್ತದೆ, ಆದರೆ ನಕ್ಷತ್ರದ ಬೆಳಕಿನಲ್ಲಿರುವ ಕಪ್ಪು ಗೆರೆಗಳ ಗುರುತನ್ನು ಅಳಿಸಲಾರದು. ಆ ಗೆರೆಗಳನ್ನು ಓದಿದರೆ ನಕ್ಷತ್ರದ ನಿಜವಾದ ಬಿಸಿ ಗೊತ್ತಾಗುತ್ತದೆ. ಹೊರಗೆ ಹತ್ತು ನಿಮಿಷ ಕೂರಿಸಿ ಒಳಗೆ ಕರೆದರು. ಮೂವರೂ ಎದ್ದು ಕೈ ಕುಲುಕಿದರು.

ಅವ್ವನಿಗೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗದ್ದಲ. "ಅವ್ವಾ, ಪಾಸಾದೆ!"

"ಹೌದೇನ? ನಿಂದ್ರು, ಮಕ್ಕಳಿಗಿ ಊಟಕ್ಕ ನೀಡ್ಲಾಕತ್ತೀನಿ, ಆಮ್ಯಾಲ ಮಾಡ್ತೀನಿ," ಎಂದು ಇಟ್ಟೇಬಿಟ್ಟಳು. ಐದೇ ನಿಮಿಷಕ್ಕೆ ಅವಳೇ ಫೋನ್ ಮಾಡಿದಳು. ಅಳುವುದಷ್ಟೇ ಕೇಳಿಸಿತು.

ಮುಂದಿನ ಸೋಮವಾರ ಅವ್ವನ ಜೊತೆ ಅಮರೇಶ್ವರನ ಗುಡಿಗೆ ಬಂದೆ. ನಿಮ್ಮಲ್ಲಿ ಕೆಲವರು ಅಂದು ನನ್ನನ್ನು ನೋಡಿದ್ದೀರಿ. ಪೂಜಾರಿಯವರು ವಿಭೂತಿ ಕೊಡುತ್ತಾ, "ಏನು ಬೇಡ್ಕೋಬೇಕಂತ ಬಂದಿ ತಂಗಿ? ಹೇಳು, ಸಂಕಲ್ಪ ಮಾಡ್ತೀನಿ" ಎಂದರು.

"ಏನಿಲ್ರಿ ಅಜ್ಜಾರ," ಎಂದೆ. "ಈ ಸಲ ಬರೇ ಮಾತಾಡ್ಸಲಾಕ ಬಂದೀನ್ರಿ."

ಅವರು ನಕ್ಕು ಪಕ್ಕಕ್ಕೆ ಸರಿದು ನಿಂತರು. ನಾನು ಬಹಳ ಹೊತ್ತು ಅಲ್ಲಿ ಕೂತಿದ್ದೆ.