ಕಿರೀಟದ ಮೇಲೆ ನಿಂತ ಅರಸ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಪುಸ್ತಕಗಳಿದ್ದವು, ಅವುಗಳಲ್ಲಿ ಒಂದೂ ನಮ್ಮದಾಗಿರಲಿಲ್ಲ. ಗದಗ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಒಂದು ಸಣ್ಣ ಕಾಗದಕ್ಕೆ ಸರಕಾರಿ ಮೊಹರಿನ ಸಿಕ್ಕೆ ಹಾಕಿಸಲೂ ಧಾರವಾಡದ ಗಾಡಿ ಹತ್ತಬೇಕಿತ್ತು. ಆದರೆ ಅಚ್ಚಿನ ಕೆಲಸ ಮಾಡಿಸಲು ದೂರದೂರದವರು ನಮ್ಮೂರಿಗೇ ಬರುತ್ತಿದ್ದರು. ಅಂಥ ಒಂದು ಪ್ರೆಸ್ಸಿನಲ್ಲಿ ಅಂಕಲಿಪಿ ಅಚ್ಚಾಗುತ್ತಿತ್ತು. ಅಂಕಲಿಪಿ ಎಂದರೆ ಆಗಿನ ಮಕ್ಕಳ ಮೊದಲ ಪುಸ್ತಕ. ಮೊದಲು ಚಿತ್ರಗಳ ಜೊತೆ ಅಕ್ಷರ, ಕೊನೆಗೆ ವಾರ, ತಿಂಗಳು, ಮಗ್ಗಿ. ಎಲ್ಲ ಸೇರಿ ಹದಿನಾರೇ ಪುಟ.

ಆ ಹದಿನಾರು ಪುಟಗಳೂ ಒಂದೇ ದೊಡ್ಡ ಹಾಳೆಯ ಎರಡು ಮಗ್ಗುಲಿಗೆ ಅಚ್ಚಾಗಿ ಬರುತ್ತಿದ್ದವು. ಅಪ್ಪ ಆ ಹಾಳೆಗಳ ಹೊರೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಟಗೇರಿಯ ನಮ್ಮ ಮನೆಗೆ ತರುತ್ತಿದ್ದ. ಅಕ್ಕ ಪ್ರತಿ ಹಾಳೆಯನ್ನು ಮೂರು ಸಲ ಮಡಚುತ್ತಿದ್ದಳು. ಅವ್ವ ಹೊಲಿಯುತ್ತಿದ್ದಳು. ಅಪ್ಪ ರಟ್ಟಿನಂಥ ಹೊದಿಕೆ ಅಂಟಿಸಿ, ಅಂಚು ಕತ್ತರಿಸಿ, ಪುಸ್ತಕ ಮಾಡುತ್ತಿದ್ದ. ಮನೆಯೆಲ್ಲ ಮೈದಾ ಅಂಟಿನ ಹುಳಿ ವಾಸನೆ, ಅಚ್ಚಿನ ಮಸಿಯ ಸೀಮೆಎಣ್ಣೆ ವಾಸನೆ. ಪಕ್ಕದ ಮನೆಗಳಿಂದ ಮಗ್ಗದ ಲಟಕ್ ಲಟಕ್ ಸದ್ದು. ತಯಾರಾದ ಪುಸ್ತಕಗಳನ್ನು ನಾವು ಮುಟ್ಟುವಂತಿರಲಿಲ್ಲ. ಬೆರಳ ಗುರುತು ಬಿದ್ದ ಪುಸ್ತಕವನ್ನು ಪ್ರೆಸ್ಸಿನವರು ವಾಪಸು ಎಸೆಯುತ್ತಿದ್ದರು.

ನನಗಾಗ ಐದು ವರ್ಷ. ನನಗೂ ಒಂದು ಕೆಲಸವಿತ್ತು. ಗದಗಿನ ಗಾಳಿ ನಿಮಗೆ ಗೊತ್ತಲ್ಲ, ಈಗ ಅದರಿಂದ ಕರೆಂಟೇ ತೆಗೆಯುತ್ತಾರೆ. ಆಗ ಅದು ಬಾಗಿಲಿನಿಂದ ನುಗ್ಗಿ ಹಾಳೆಗಳನ್ನೆಲ್ಲ ಹಾರಿಸುತ್ತಿತ್ತು. ಅದಕ್ಕೇ ನಾನು ಅಕ್ಕನ ಎದುರಿಗೆ ಕೂತು, ಹಾಳೆಯ ಆಚೆ ಅಂಚನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿಯಬೇಕು. ಅವಳ ಬಲಕ್ಕೆ ಹಾಳೆಯ ರಾಶಿ, ಎಡಕ್ಕೆ ಮಡಚಿದ ರಾಶಿ. ಹಾಗಾಗಿ ಎದುರು ಬಿಟ್ಟರೆ ನನಗೆ ಬೇರೆ ಜಾಗವೂ ಇರಲಿಲ್ಲ.

ಅಕ್ಕನಿಗೆ ಹತ್ತು ವರ್ಷ. ಮೂರನೇ ಇಯತ್ತೆ ಮುಗಿಸಿದ ಮೇಲೆ ಅಪ್ಪ ಅವಳ ಶಾಲೆ ಬಿಡಿಸಿದ್ದ. ಮಡಚುವುದರಲ್ಲಿ ಅವಳಷ್ಟು ಚುರುಕಾದ ಕೈ ಇನ್ನೊಂದಿರಲಿಲ್ಲ, ಮೇಲಾಗಿ ನನ್ನನ್ನು ನೋಡಿಕೊಳ್ಳುವವರು ಬೇಕಿತ್ತು. ಅಕ್ಕ ಅಳಲಿಲ್ಲ, ಹಟ ಹಿಡಿಯಲಿಲ್ಲ. ದಿನಾ ಸಂಜೆ ಅಪ್ಪ ಊಟಕ್ಕೆ ಕೂತಾಗ ಒಂದು ಸಲ ಮಾತ್ರ ಕೇಳುತ್ತಿದ್ದಳು, “ನಾ ಯಾವಾಗ ಸಾಲಿಗೆ ಹೋಗ್ಲಿ?” ಒಂದು ದಿನ ಅಪ್ಪ ರೇಗಿ, ರೊಟ್ಟಿ ಮುರಿಯುತ್ತಾ ಹೇಳಿದ: “ಈ ಹುಡುಗಗ ಅಕ್ಷರ ಕಲಸು. ಮಾಸ್ತರು ಈ ವರ್ಷನ ಅವನ್ನ ತೊಗೊಂಡ್ರ, ಅವನ ಕೂಡ ನಿನ್ನೂ ಕಳಸ್ತೀನಿ. ಆತಿಲ್ಲೋ?”

ಅಕ್ಕ ಖುಷಿಯಾದಳು. ಅಪ್ಪನ ಲೆಕ್ಕ ಬೇರೆಯೇ ಇತ್ತು ಎಂದು ನನಗೆ ದೊಡ್ಡವನಾದ ಮೇಲೆ ಗೊತ್ತಾಯಿತು. ಆರು ತುಂಬದ ಹುಡುಗನನ್ನು ಮಾಸ್ತರು ಮುಟ್ಟುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ನಡೆಸಬೇಕಾಗದ ಮಾತನ್ನು ಕೊಡಲು ಯಾರಿಗೂ ಕಷ್ಟವಿಲ್ಲ, ಮಕ್ಕಳೇ. ಯಾರಾದರೂ ಬಹಳ ಸಲೀಸಾಗಿ ಮಾತು ಕೊಟ್ಟರೆ ಸ್ವಲ್ಪ ನಿಂತು ಯೋಚಿಸಿ.

ಅಕ್ಕ ಮರುದಿನದಿಂದಲೇ ಶುರು ಮಾಡಿದಳು. ಹಾಳೆ ಹಾಸುವುದು, ಮಡಿಕೆ ಗೀರುವ ಬಿದಿರಿನ ಪಟ್ಟಿಯಿಂದ ಚಿತ್ರ ತೋರಿಸುವುದು, ಹೇಳುವುದು, ನನ್ನಿಂದ ಹೇಳಿಸುವುದು, ಮಡಚುವುದು. ದಿನಕ್ಕೆ ನೂರಾರು ಹಾಳೆ, ದಿನಕ್ಕೆ ನೂರಾರು ಸಲ ಪಾಠ. ಎರಡು ತಿಂಗಳಲ್ಲಿ ನನಗೆ ಎಲ್ಲ ಅಕ್ಷರ ಬಂತು. ಅವಳು ಎಲ್ಲಿ ಪಟ್ಟಿ ಇಟ್ಟರೂ ನಾನು ಥಟ್ಟನೆ ಹೇಳುತ್ತಿದ್ದೆ. ಅಪ್ಪನಿಗೆ ಪುಟದ ಅಂಕಿ ಬಿಟ್ಟರೆ ಓದು ಬರುತ್ತಿರಲಿಲ್ಲ. ಅವನೂ ತಲೆಯಾಡಿಸಿದ.

ಒಂದು ಸೋಮವಾರ ಅವ್ವ ನನ್ನ ತಲೆಗೆ ಎಣ್ಣೆ ಸುರಿದು ಬಾಚಿದಳು. ಅಕ್ಕ ತನ್ನ ಒಂದೇ ಒಂದು ಒಳ್ಳೆಯ ಪರಕಾರ ಉಟ್ಟು, ಎರಡು ಜಡೆ ಹಾಕಿಕೊಂಡು, ತನ್ನ ಹಳೆಯ ಪಾಟಿ, ಅಂದರೆ ಸ್ಲೇಟನ್ನೂ ಬಗಲಲ್ಲಿ ಇಟ್ಟುಕೊಂಡೇ ಹೊರಟಳು. ಅಪ್ಪ ಆ ಪಾಟಿ ನೋಡಿ, ಟೊಪ್ಪಿಗೆ ಹಾಕಿಕೊಂಡು ಮುಂದೆ ನಡೆದ.

ಮಾಸ್ತರು ಮೊದಲು ನನ್ನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳಿದರು. ಆಗ ವಯಸ್ಸಿನ ದಾಖಲೆ ಎಂದರೆ ಅದೇ. ನಾನು ಎಷ್ಟು ಎಳೆದರೂ ಬೆರಳು ಕಿವಿಗೆ ತಾಗಲಿಲ್ಲ. ಅಪ್ಪ ಆಗಲೇ ಟೊಪ್ಪಿಗೆ ಕೈಗೆ ತೆಗೆದುಕೊಂಡಿದ್ದ. ಆದರೆ ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲಗೆ, ತಮ್ಮನಿಗೆ ಅಕ್ಷರ ಎಲ್ಲ ಬರುತ್ತವೆ ಎಂದಳು. ಮಾಸ್ತರು ಒಳ್ಳೆಯವರು. ಹಾಗಾದರೆ ನೋಡೇಬಿಡೋಣ ಎಂದು ಕಪಾಟಿನಿಂದ ಒಂದು ಅಂಕಲಿಪಿ ತೆಗೆದು, ಮೊದಲ ಪುಟ ಬಿಚ್ಚಿ ನನ್ನ ಕೈಗಿಟ್ಟರು. ನಮ್ಮ ಮನೆಯಲ್ಲೇ ಮಡಚಿದ ಪುಸ್ತಕ. ಆದರೆ ನಾನು ಅದನ್ನು ಪುಸ್ತಕವಾಗಿ ಹಿಡಿದದ್ದು ಅದೇ ಮೊದಲು.

ನೋಡುತ್ತೇನೆ, ಒಂದೂ ಗುರುತು ಸಿಗಲೊಲ್ಲದು! ನನಗೆ ಗೊತ್ತಿದ್ದ ಅರಸ ಕಿರೀಟದ ಮೇಲೆ ನಿಂತು ಎರಡೂ ಕಾಲು ಮೇಲೆತ್ತಿದವನು. ಇಲ್ಲಿ ಯಾರೋ ಬೇರೆಯವನು ನೆಲದ ಮೇಲೆ ಕಾಲೂರಿ ನಿಂತಿದ್ದ. ನನ್ನ ಆನೆ ತಿರುವಿ ಹಾಕಿದ ಹೊರಸಿನಂತೆ ನಾಲ್ಕು ಕಾಲು ಆಕಾಶಕ್ಕೆ ಚಾಚಿತ್ತು. ಖರೆ ಆನೆಯನ್ನು ನಾನು ಆವರೆಗೆ ಕಂಡಿರಲಿಲ್ಲ, ಹಾಗೇ ಇರುತ್ತದೆ ಎಂದು ನಂಬಿದ್ದೆ. ಇಲಿ ಮಾಳಿಗೆಯ ತೊಲೆಗೆ ಕಾಲು ಅಂಟಿಸಿಕೊಂಡು ನೇತಾಡಬೇಕಿತ್ತು. ಆಮೇಲೆ ಪುಸ್ತಕವನ್ನು ಗರಕ್ಕನೆ ತಿರುಗಿಸಿದೆ. ಆಹಾ, ಎಲ್ಲರೂ ತಂತಮ್ಮ ಜಾಗಕ್ಕೆ ಬಂದರು. ಅ ಅರಸ, ಆ ಆನೆ, ಇ ಇಲಿ, ಈ ಈರುಳ್ಳಿ ಎಂದು ಜೋರಾಗಿ ಓದಿದೆ.

ಮಾಸ್ತರು ಪುಸ್ತಕವನ್ನು ಸರಿಯಾಗಿ ಹಿಡಿಸಿದರು. ನಾನು ಬಾಯಿ ಮುಚ್ಚಿದೆ. ಅವರು ಕೈ ಬಿಟ್ಟ ಕೂಡಲೇ ಮತ್ತೆ ತಿರುಗಿಸಿದೆ. ಮುಂದೆ ಹೇಳು ಎಂದರು. ನನಗೆ ‘ಈ’ ಆದ ಮೇಲೆ ಬರುವುದು ಹತ್ತರ ಮಗ್ಗಿ, ಯಾಕೆಂದರೆ ಹಾಳೆಯಲ್ಲಿ ಅದರ ಪಕ್ಕಕ್ಕೆ ಅದೇ ಇರುತ್ತಿತ್ತು. ಕಣ್ಣು ಮುಚ್ಚಿ ಮಗ್ಗಿ ಒಪ್ಪಿಸಿದೆ, ಉಸಿರು ತೆಗೆದುಕೊಳ್ಳದೆ ಸೋಮವಾರ ಮಂಗಳವಾರ ಎಂದೆ, ಶನಿವಾರ ದಾಟಿ ಒ ಒಂಟೆಗೆ ಬಂದು ನಿಂತೆ. ಕೋಣೆಯಲ್ಲಿದ್ದ ಮಕ್ಕಳು ನಗತೊಡಗಿದವು. ಮಾಸ್ತರು ತಾವೇ ಹಾಳೆ ಮಗುಚಿ ‘ಕ’ ಇದ್ದ ಪುಟ ತೋರಿಸಿದರು. ಅಲ್ಲಿಂದ ಮುಂದಿನ ಅಕ್ಷರಗಳೆಲ್ಲ ನನಗೆ ನೆಟ್ಟಗೇ ಗೊತ್ತು. ಹಾಗಾಗಿ ಪುಸ್ತಕವನ್ನು ಮತ್ತೊಮ್ಮೆ ತಿರುಗಿಸಿ, ಈ ಸಲ ಎಲ್ಲರಂತೆ ಹಿಡಿದು ಓದಿದೆ.

“ಲೇ ತಮ್ಮಾ, ಇದೇನ್ ಪುಸ್ತಕೋ ರೊಟ್ಟಿಯೋ? ತಿರುವಿ ತಿರುವಿ ಹಾಕಾಕ ಹತ್ತಿಯಲ್ಲ!” ಎಂದರು ಮಾಸ್ತರು.

ಮಕ್ಕಳು ಇನ್ನೂ ಜೋರಾಗಿ ನಕ್ಕವು. ಹುಡುಗನಿಗೆ ಬರೀ ಬಾಯಿಪಾಠ ಮಾಡಿಸಿದ್ದೀರಿ, ಮುಂದಿನ ವರ್ಷ ಕರೆದುಕೊಂಡು ಬನ್ನಿ ಎಂದು ಮಾಸ್ತರು ಅಪ್ಪನಿಗೆ ಹೇಳಿದರು. ಅಪ್ಪ “ಆತ್ರಿ” ಎಂದು ಎದ್ದೇಬಿಟ್ಟ. ನಾನು ಅಕ್ಕನ ಕಡೆ ನೋಡಿದೆ. ಅವಳು ಪಾಟಿಯನ್ನು ಎದೆಗೆ ಒತ್ತಿಕೊಂಡು, ತುಟಿ ಕಚ್ಚಿ, ನಾನು ಹಿಡಿದಿದ್ದ ಪುಸ್ತಕವನ್ನೇ ದಿಟ್ಟಿಸುತ್ತಿದ್ದಳು. ನಾನು ತಲೆಕೆಳಗೆ ಕಲಿಯುತ್ತಿದ್ದೇನೆ ಎಂದು ಆವರೆಗೂ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವಳು ಆ ಕಡೆಯಿಂದ ಪಟ್ಟಿ ಇಡುತ್ತಿದ್ದಳು, ನಾನು ಈ ಕಡೆಯಿಂದ ಹೇಳುತ್ತಿದ್ದೆ, ಉತ್ತರ ಸರಿಯಿರುತ್ತಿತ್ತು. ತಪ್ಪು ಹುಡುಕಲು ಕಾರಣವೇ ಇರಲಿಲ್ಲ.

ಅಕ್ಕ ಹೊಸಲು ದಾಟಿ ಒಳಗೆ ಬಂದಳು. “ಗುರುಗಳ, ಒಂದು ದೊಡ್ಡ ಹಾಳಿ ಕೊಡ್ರಿ.”

ಮಾಸ್ತರು ಬೆರಗಾಗಿ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ಕೊಟ್ಟರು. ಅಕ್ಕ ಅದನ್ನು ಮೂರು ಸಲ ಮಡಚಿ, ಉಗುರಿನಿಂದ ಗೀರಿ, ಮೂಲೆ ಎತ್ತಿ ಎತ್ತಿ ಒಂದರಿಂದ ಹದಿನಾರರವರೆಗೆ ಅಂಕಿ ಹಾಕಿದಳು. ಆಮೇಲೆ ಪೂರ್ತಿ ಬಿಚ್ಚಿ ನೆಲಕ್ಕೆ ಹಾಸಿದಳು. ಒಂದರ ಪಕ್ಕದಲ್ಲಿ ಹದಿನಾರು, ಅದರಾಚೆ ಹದಿಮೂರು, ಅದರಾಚೆ ನಾಲ್ಕು. ಇನ್ನೊಂದು ಸಾಲು ಪೂರ್ತಿ ತಲೆಕೆಳಗು. ಅವಳು ಹಾಳೆಯ ಒಂದು ಬದಿಗೆ ಕೂತು, ನನ್ನನ್ನು ಎದುರು ಬದಿಗೆ ಕೂರಿಸಿದಳು. ನಾನು ರೂಢಿಯಂತೆ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದೆ.

ಮಾಸ್ತರು ಮೊದಲು ಅಕ್ಕನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಆಮೇಲೆ ಧೋತರ ಎತ್ತಿಕೊಂಡು ಬಂದು ನನ್ನ ಹಿಂದೆ ಕೂತರು. ಅಲ್ಲಿಂದ ಒಂದನೇ ಪುಟದ ಸಾಲು ತಲೆಕೆಳಗಾಗಿ, ಇನ್ನೊಂದು ಸಾಲು ನೆಟ್ಟಗೆ ಕಾಣುತ್ತಿತ್ತು. ಕೊನೆಗೆ ಅಂಕಲಿಪಿ ತೆಗೆದುಕೊಂಡು, ಮೊದಲ ಪುಟವನ್ನು ನನಗೆ ತಲೆಕೆಳಗಾಗಿ ಹಿಡಿದು, ಚಿತ್ರಗಳನ್ನು ಹೆಬ್ಬೆರಳಿನಿಂದ ಮುಚ್ಚಿ, ಬರೀ ಅಕ್ಷರಗಳನ್ನು ಅಡ್ಡಾದಿಡ್ಡಿ ಕೇಳಿದರು. ನನಗೆ ಒಂದೂ ತಪ್ಪಲಿಲ್ಲ. ಆಮೇಲೆ ತಾವೇ ಆ ಪುಟವನ್ನು ತಲೆಕೆಳಗೆ ಹಿಡಿದು ಓದಲು ನೋಡಿದರು. ಎರಡನೇ ಸಾಲಿಗೇ ತಡವರಿಸಿ ಕನ್ನಡಕ ತೆಗೆದು ಒರೆಸಿಕೊಂಡರು.

ಅಕ್ಷರ ಖರೆ ಬರುತ್ತವೆ, ಆದರೆ ಅರ್ಧಂಬರ್ಧ ಎಂದು ಅವರು ಗೊಣಗಿದರು. ಅಷ್ಟೇ ಸಾಕಾಯಿತು. ತನ್ನ ಮಾಲಿಗೆ ಯಾರಾದರೂ ಕಡಿಮೆ ಬೆಲೆ ಕಟ್ಟಿದರೆ ಅಪ್ಪನಿಗೆ ತಡೆಯಲಾಗುತ್ತಿರಲಿಲ್ಲ. ಅವನೊಳಗಿನ ವ್ಯಾಪಾರಿ ಎದ್ದು ನಿಂತ.

“ಅರ್ಧ ಹೆಂಗಾಕ್ಕೈತ್ರಿ ಮಾಸ್ತರ? ಉಳಿದ ಹುಡುಗ್ರು ಒಂದ ಕಡಿಯಿಂದ ಓದ್ತಾವು. ನಮ್ಮಾಂವ ಎರಡೂ ಕಡಿಯಿಂದ ಓದ್ತಾನ. ಇಂಥಾ ಹುಡುಗ ಇಡೀ ಗದಗಿನ್ಯಾಗ ಸಿಗ್ತಾನೇನ್ರಿ?”

“ಸಿಗೂದಿಲ್ಲ. ತೊಗೊಂಡೆ,” ಎಂದರು ಮಾಸ್ತರು.

ಅಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಮಕ್ಕಳೇ, ವ್ಯಾಪಾರದಲ್ಲಿ ನಾನು ಕಲಿತ ಮೊದಲ ಪಾಠ ಅದು. ಮಾರುವ ಮನಸ್ಸಿಲ್ಲದ ಮಾಲನ್ನು ಯಾರ ಮುಂದೆಯೂ ಹೊಗಳಬೇಡಿ. ಅಪ್ಪ ಸಾವರಿಸಿಕೊಂಡು, ಅಕ್ಕನಿಗೆ ಕೊಟ್ಟ ಮಾತನ್ನು ಮುಂದೂಡಲು, ಹುಡುಗಿಯನ್ನು ದೀಪಾವಳಿ ಆದ ಮೇಲೆ ಕಳಿಸಿದರಾಗದೇ ಎಂದು ಕೇಳಿ ನೋಡಿದ. ಮಾಸ್ತರು ಕೈ ಅಡ್ಡ ಹಿಡಿದರು.

“ಇವನ್ನ ತಿರುವಿ ಕುಂಡ್ರಸೂದು ನನ್ನೊಬ್ಬನ ಕೈಲೆ ಆಗೂದಲ್ಲ. ಈ ಹುಡುಗಿ ಇವತ್ತಿಂದನ ಬರಬೇಕು. ಇಲ್ಲಂದ್ರ ಇವನೂ ಬ್ಯಾಡ.”

ಮಗನನ್ನು ಅಷ್ಟು ಹೊಗಳಿದ ಮೇಲೆ ವಾಪಸು ಕರೆದುಕೊಂಡು ಹೋಗುವುದು ಹೇಗೆ? ಅಪ್ಪ ಟೊಪ್ಪಿಗೆ ಹಾಕಿಕೊಂಡು ಒಬ್ಬನೇ ಮನೆಗೆ ಹೋದ. ಅಕ್ಕ ನಾಲ್ಕನೇ ಇಯತ್ತೆಯ ಸಾಲಿನಲ್ಲಿ ತುದಿಗೆ ಹೋಗಿ ಕೂತಳು. ಅಲ್ಲಿಂದ ನಾನು ಅವಳಿಗೆ ಕಾಣುತ್ತಿದ್ದೆ. ಮಡಚುವ ಕೆಲಸ ಬೆಳಗಿನ ಜಾವಕ್ಕೂ ಸಂಜೆಗೂ ಹಂಚಿಹೋಯಿತು. ಹೇಗೋ ನಡೆಯಿತು. ಅಕ್ಕ ಏಳನೇ ಇಯತ್ತೆ ಪಾಸಾಗುವವರೆಗೆ ಓದಿದಳು. ನಮ್ಮ ಓಣಿಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ ಅವಳು.

ನಾನು ಕ್ರಮೇಣ ಎಲ್ಲರಂತೆ ಓದಲು ಕಲಿತೆ. ಹಳೆಯ ವಿದ್ಯೆಯನ್ನೂ ಬಿಡಲಿಲ್ಲ. ಮೆಣಸಿನಕಾಯಿ ವ್ಯಾಪಾರಕ್ಕೆ ಇಳಿದಾಗ, ಎದುರಿಗೆ ಕೂತವನು ತನ್ನ ಚೀಟಿಯಲ್ಲಿ ಯಾವ ದರ ಗೀಚಿಕೊಂಡಿದ್ದಾನೆ ಎಂದು ಇತ್ತ ಕಡೆಯಿಂದಲೇ ಓದಿ ಚೌಕಾಸಿ ಮಾಡುತ್ತಿದ್ದೆ. ಗದಗ ಜಿಲ್ಲೆಯಾಗಿ ಹೊಸ ಹೊಸ ಕಚೇರಿಗಳು ಬಂದವು. ಒಂದು ಕಡೆ ಗುಮಾಸ್ತರೊಬ್ಬರು ನಿಮ್ಮ ಫೈಲು ಇನ್ನೂ ಬಂದಿಲ್ಲ ಎಂದರು. ಅವರ ಮೊಣಕೈ ಕೆಳಗಿನದೇ ನನ್ನ ಫೈಲು ಎಂದು ಹೆಸರು, ನಂಬರು ಸಮೇತ ಹೇಳಿದೆ. ಅವತ್ತು ಅವರು ನನಗೆ ಚಹಾ ತರಿಸಿದರು.

ಈಗ ನನ್ನ ಮೊಮ್ಮಕ್ಕಳಿಗೆ ಕಪಾಟು ತುಂಬ ಚಿತ್ರದ ಪುಸ್ತಕಗಳಿವೆ. ಹರಿಯದ ದಪ್ಪ ರಟ್ಟಿನವು, ನೀರಿಗೆ ಹಾಕಿದರೂ ಕೆಡದವು. ಆನೆಯ ಹೊಟ್ಟೆ ಒತ್ತಿದರೆ ಆನೆ ಕೂಗುತ್ತದೆ. ಎಲ್ಲವೂ ನಾನೇ ಚೌಕಾಸಿ ಮಾಡಿ ತಂದವು, ಮೂರಕ್ಕೆ ಒಂದು ಪುಕ್ಕಟೆ. ಎಲ್ಲವೂ ಅವರವೇ. ಬೆರಳ ಗುರುತೇನು, ಹಲ್ಲಿನ ಗುರುತು ಬಿದ್ದರೂ ಕೇಳುವವರಿಲ್ಲ.

ಹೋದ ದೀಪಾವಳಿಗೆ ಲಕ್ಷ್ಮೇಶ್ವರದಿಂದ ಅಕ್ಕ ಬಂದಿದ್ದಳು. ಕಿರಿಯ ಮೊಮ್ಮಗಳಿಗೆ ನಾಲ್ಕು ವರ್ಷ. ಅವಳು ಹೊಸ ಪಾಟಿಯೊಂದನ್ನು ಅಕ್ಕನ ಎದುರಿಗಿಟ್ಟು, ತನ್ನ ಹೆಸರು ಬರೆದುಕೊಡು ಎಂದು ಅಲ್ಲೇ ಕೂತಳು. ಅಕ್ಕ ಅವಳನ್ನು ಪಕ್ಕಕ್ಕೆ ಕರೆಯಲಿಲ್ಲ, ಪಾಟಿಯನ್ನೂ ತಿರುಗಿಸಲಿಲ್ಲ. ಕೂತಲ್ಲಿಂದಲೇ ಬಳಪ ಹಿಡಿದು, ತನ್ನ ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರವನ್ನು ತಲೆಕೆಳಗಾಗಿ ಬರೆಯುತ್ತಾ ಹೋದಳು. ಎದುರಿಗಿದ್ದ ಮಗುವಿಗೆ ಅದು ಗುಂಡಗೆ, ಸರಿಯಾಗಿ ಕಾಣುತ್ತಿತ್ತು. ದೊಡ್ಡ ಮೊಮ್ಮಗ ಮೊಬೈಲ್ ಕೆಳಗಿಟ್ಟು ಓಡಿಬಂದ. ಅಜ್ಜಿ, ಇದನ್ನ ಯಾವ ಸಾಲ್ಯಾಗ ಕಲಿಸಿದ್ರು ಎಂದು ಕೇಳಿದ.

ಅಕ್ಕ ಬಳಪದ ಪುಡಿ ಊದಿದಳು.

“ಸಾಲ್ಯಾಗ ಅಲ್ಲಪಾ. ಸಾಲಿಗೆ ಹೋಗಾಕ ಹತ್ತಿದ ಮ್ಯಾಲೂ, ಮನ್ಯಾಗ ನಾ ಹಾಳಿ ಮಡಚಾಕ ಕುಂತ್ರ ನಿಮ್ಮಜ್ಜ ಎದುರಿಗೆ ಕುಂಡ್ರತಿದ್ದ. ಇಬ್ಬರೂ ಏಳೂ ಹಂಗಿರಲಿಲ್ಲ. ಅವಗ ನೆಟ್ಟಗ ಕಾಣಬೇಕಿತ್ತಲ್ಲ.”